ಬಡಾವಣೆಗೊಂದು ಭೂಶಾಖದ ಜಾಲ: ಕಟ್ಟುವುದು ಹೇಗೆ?

ಧನುರ್ಮಾಸದ ಬೆಳಗಿನ ಜಾವ ಬಾವಿಯಿಂದ ಸೇದಿದ ನೀರು ಕೈಗೆ ಬೆಚ್ಚಗೆ ತಾಗುತ್ತದೆ. ಅದೇ ಬಾವಿಯ ನೀರು ಬೇಸಿಗೆಯ ಮಧ್ಯಾಹ್ನ ತಣ್ಣಗಿರುತ್ತದೆ. ಬದಲಾಗುವುದು ಹೊರಗಿನ ಹವೆ. ಹತ್ತಿಪ್ಪತ್ತು ಮೀಟರ್ ಕೆಳಗಿಳಿದರೆ ನೆಲದ ಉಷ್ಣತೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಊರಿನ ಒಂದು ಬಡಾವಣೆ ಈ ಗುಣವನ್ನೇ ನೆಚ್ಚಿಕೊಂಡು ಚಳಿಗಾಲದಲ್ಲಿ ಬೆಚ್ಚಗೂ ಬೇಸಿಗೆಯಲ್ಲಿ ತಂಪಾಗಿಯೂ ಇರುತ್ತದೆ. ಅನಿಲ ಮತ್ತು ವಿದ್ಯುತ್ ಪೂರೈಸುವ ಎವರ್‌ಸೋರ್ಸ್ ಕಂಪನಿ 2024ರ ಜೂನ್‌ನಲ್ಲಿ ಚಾಲನೆ ಕೊಟ್ಟ ಅಲ್ಲಿನ ಜಾಲ, ಅಂದರೆ ನೆಲದಾಳಕ್ಕೂ ಮನೆಗಳಿಗೂ ನಡುವೆ ನೀರಿನ ಮೂಲಕ ಶಾಖ ಸಾಗಿಸುವ ಕೊಳವೆಗಳ ಸುತ್ತು, 36 ಕಟ್ಟಡಗಳನ್ನು ಜೋಡಿಸಿದೆ. ಹೀಟ್ (HEET) ಎಂಬ ಬಾಸ್ಟನ್‌ನ ಸ್ವಯಂಸೇವಾ ಸಂಸ್ಥೆ ಈ ಆಲೋಚನೆಯನ್ನು ಮುಂದಿಟ್ಟಿತ್ತು. ಸೋರುವ ಹಳೆಯ ಅನಿಲದ ಕೊಳವೆಗಳನ್ನು ಬದಲಿಸಲು ಬೀದಿ ಅಗೆಯಲೇಬೇಕಾದರೆ, ಅದೇ ಗುಂಡಿಯಲ್ಲಿ ನೀರಿನ ಕೊಳವೆಯನ್ನು ಏಕೆ ಹೂಳಬಾರದು ಎಂಬುದು ಅದರ ವಾದವಾಗಿತ್ತು.

ಕೆಲಸಕ್ಕೆ ಇಳಿಯುವ ಮೊದಲು, ಭೂಶಾಖವೆಂದರೆ ವಿದ್ಯುತ್ ಉತ್ಪಾದನೆಯೇ ಎಂಬ ಗೊಂದಲ ತೀರಬೇಕು. ಐಸ್‌ಲ್ಯಾಂಡಿನ ನೆಸ್ಯಾವೆಟ್ಲಿರ್ ಸ್ಥಾವರದಲ್ಲಿ ನೆಲದಾಳದ ಹಬೆಯಿಂದ ವಿದ್ಯುತ್ ಹುಟ್ಟುತ್ತದೆ. ಅಲ್ಲಿ ಕಾಯಿಸಿದ ನೀರು 27 ಕಿಲೋಮೀಟರ್ ಕೊಳವೆಯಲ್ಲಿ ಹರಿದು ರೇಕ್ಯಾವಿಕ್ ನಗರದ ಮನೆಗಳನ್ನು ಬೆಚ್ಚಗಿಡುತ್ತದೆ. ಅದಕ್ಕೆ ಕುದಿಯುವ ನೆಲವೇ ಬೇಕು. ಫ್ರೇಮಿಂಗ್‌ಹ್ಯಾಮಿನ ನೆಲ ಅಂಥದ್ದಲ್ಲ, ಹತ್ತು-ಹನ್ನೆರಡು ಡಿಗ್ರಿ ಸೆಲ್ಸಿಯಸ್‌ನ ಸಾಮಾನ್ಯ ನೆಲ. ಆದ್ದರಿಂದ ಅಲ್ಲಿನ ಜಾಲ ವಿದ್ಯುತ್ತನ್ನು ಉತ್ಪಾದಿಸುವುದಿಲ್ಲ, ಬಳಸುತ್ತದೆ. ಆದರೆ ಒಂದು ಯೂನಿಟ್ ಬಳಸಿ ಮೂರು-ನಾಲ್ಕು ಯೂನಿಟ್‌ನಷ್ಟು ಶಾಖವನ್ನು ಮನೆಯೊಳಕ್ಕೆ ತರುತ್ತದೆ. ಆ ಒಂದು ಯೂನಿಟ್ಟನ್ನೂ ಊರಿನಲ್ಲೇ ಪಡೆಯಬೇಕೆನ್ನುವವರು ಚಾವಣಿಯ ಮೇಲೆ ಸೌರಫಲಕ ಹಾಕಿಸಿಕೊಳ್ಳಬೇಕು.

ಮೊದಲ ಹಂತ ಲೆಕ್ಕದ್ದು. ಪ್ರತಿ ಕಟ್ಟಡಕ್ಕೆ ಅತಿ ಚಳಿಯ ದಿನ ಎಷ್ಟು ಶಾಖ ಬೇಕು, ಅತಿ ಸೆಕೆಯ ದಿನ ಎಷ್ಟು ಶಾಖ ಹೊರಹೋಗಬೇಕು ಎಂಬುದನ್ನು ತಿಂಗಳುವಾರು ಬರೆದಿಡಬೇಕು. ಕಿಟಕಿಯ ಸಂದುಗಳನ್ನು ಮುಚ್ಚಿಸಿ, ಅಟ್ಟಕ್ಕೆ ಶಾಖನಿರೋಧಕ ಹೊದಿಕೆ ಹಾಕಿಸಿದ ಮೇಲೆ ಈ ಲೆಕ್ಕ ಮಾಡುವುದು ಜಾಣತನ, ಏಕೆಂದರೆ ಸೋರುವ ಮನೆಗೆಂದು ಕೊರೆಸುವ ಪ್ರತಿಯೊಂದು ಹೆಚ್ಚುವರಿ ಬೋರ್ ದುಬಾರಿ. ನೆರೆಹೊರೆಯ ಆಯ್ಕೆಯೂ ಇದೇ ಹಂತದಲ್ಲಿ ಆಗಬೇಕು: ಬರೀ ಮನೆಗಳನ್ನು ಜೋಡಿಸುವುದಕ್ಕಿಂತ ಮನೆಗಳ ಜೊತೆ ಅಂಗಡಿ, ಶಾಲೆ, ಕಚೇರಿಗಳನ್ನು ಸೇರಿಸಿಕೊಳ್ಳುವುದು ಮೇಲು. ಹಗಲೂ ರಾತ್ರಿ ಫ್ರಿಜ್‌ಗಳು ಓಡುವ ದಿನಸಿ ಅಂಗಡಿ ಹೊರಚೆಲ್ಲುವ ಶಾಖವನ್ನು ಅದೇ ಸುತ್ತಿನ ಮುಂದಿನ ಮನೆ ಎತ್ತಿಕೊಳ್ಳುತ್ತದೆ. ಒಂಟಿ ಮನೆಯ ವ್ಯವಸ್ಥೆಗೆ ಇಲ್ಲದ ಈ ಲಾಭವೇ ಜಾಲದ ಜೀವಾಳ.

ಎರಡನೆಯದು ಪರೀಕ್ಷೆಯ ಬೋರ್. ಒಂದೇ ಒಂದು ರಂಧ್ರ ಕೊರೆದು, ಪೈಪ್ ಇಳಿಸಿ, ಸುಮಾರು ಎರಡು ದಿನ ಬಿಸಿನೀರು ಸುತ್ತಿಸಿ, ಹೋಗುವ ಮತ್ತು ಮರಳುವ ನೀರಿನ ಉಷ್ಣತೆಯನ್ನು ದಾಖಲಿಸುತ್ತಾರೆ. ಈ ನೆಲ ಶಾಖವನ್ನು ಎಷ್ಟು ಬೇಗ ಹೀರುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಗಟ್ಟಿಬಂಡೆ ಚೆನ್ನಾಗಿ ಹೀರುತ್ತದೆ, ಒಣ ಮರಳು ಹೀರುವುದಿಲ್ಲ. ಈ ಪರೀಕ್ಷೆಯನ್ನು ಉಳಿತಾಯದ ನೆಪದಲ್ಲಿ ಬಿಟ್ಟವರು ಮುಂದೆ ಬೋರ್‌ಗಳ ಸಂಖ್ಯೆಯಲ್ಲಿ ದಂಡ ತೆರುತ್ತಾರೆ.

ಮೂರನೆಯದು ಕೊರೆತ. ಫ್ರೇಮಿಂಗ್‌ಹ್ಯಾಮಿನಲ್ಲಿ 600ರಿಂದ 700 ಅಡಿ ಆಳದ ಸುಮಾರು 90 ಬೋರ್‌ಗಳಿವೆ. ಕೋಲಾರದ ಕಡೆ ಸಾವಿರ ಅಡಿ ದಾಟಿದರೂ ಬರೀ ದೂಳು ಕಾರಿದ ಬೋರ್‌ವೆಲ್‌ಗಳನ್ನು ಕಂಡವರಿಗೆ ಈ ಆಳ ದೊಡ್ಡದೆನಿಸದು, ಮೇಲಾಗಿ ಇಲ್ಲಿ ನೀರು ಬೀಳಲೇಬೇಕೆಂಬ ಹಂಗೂ ಇಲ್ಲ. ರಂಧ್ರಗಳ ನಡುವೆ ಐದಾರು ಮೀಟರ್ ಅಂತರವಾದರೂ ಇರಬೇಕು, ಇಲ್ಲವಾದರೆ ಒಂದರ ಶಾಖ ಇನ್ನೊಂದನ್ನು ಮುಟ್ಟುತ್ತದೆ. ಪ್ರತಿ ರಂಧ್ರಕ್ಕೂ ತುದಿಯಲ್ಲಿ ಮರಳಿ ಮೇಲಕ್ಕೆ ತಿರುಗುವ, ಕಾಯಿಸಿ ಬೆಸೆದ ಕಪ್ಪು ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ಇಳಿಸುತ್ತಾರೆ. ಇಳಿಸುವ ಮುನ್ನ ಒತ್ತಡ ಕೊಟ್ಟು ಸೋರಿಕೆ ಪರೀಕ್ಷಿಸುತ್ತಾರೆ, ಬಳಿಕ ಪೈಪಿಗೆ ನೀರು ತುಂಬುತ್ತಾರೆ. ಖಾಲಿ ಪೈಪ್ ರಂಧ್ರದ ನೀರಿನಲ್ಲಿ ತೇಲಿ, ಎಷ್ಟು ಒತ್ತಿದರೂ ಕೆಳಗಿಳಿಯುವುದಿಲ್ಲ. ಸುತ್ತಲಿನ ಖಾಲಿ ಜಾಗಕ್ಕೆ ಬೆಂಟೊನೈಟ್ ಜೇಡಿಯ ಗಾರೆಯನ್ನು ತಳದಿಂದ ಮೇಲಕ್ಕೆ ತುಂಬಿಸಬೇಕು. ಮೇಲಿನಿಂದ ಸುರಿದರೆ ನಡುವೆ ಗಾಳಿ ಸಿಕ್ಕಿಕೊಂಡು ಶಾಖದ ದಾರಿಗೆ ತಡೆಯಾಗುತ್ತದೆ, ಜೊತೆಗೆ ನೆಲದ ಮೇಲಿನ ಕೊಳೆನೀರು ಅಂತರ್ಜಲಕ್ಕೆ ಇಳಿಯಲು ಹಾದಿಯಾಗುತ್ತದೆ.

ಆಮೇಲೆ ಬೀದಿಯ ಅಗೆತ. ಬೋರ್‌ಗಳ ಪೈಪುಗಳನ್ನು ಒಂದೆಡೆ ಕೂಡಿಸಿ, ಬಡಾವಣೆಯನ್ನು ಸುತ್ತಿ ಬರುವ ಮುಖ್ಯ ಕೊಳವೆಗೆ ಸೇರಿಸಬೇಕು. ಫ್ರೇಮಿಂಗ್‌ಹ್ಯಾಮಿನಲ್ಲಿ ಈ ಸುತ್ತಿನ ಉದ್ದ ಸುಮಾರು ಒಂದು ಮೈಲಿ. ಅದರಲ್ಲಿ ಹೆಪ್ಪುಗಟ್ಟದಂತೆ ಪ್ರೊಪಿಲೀನ್ ಗ್ಲೈಕಾಲ್ ಬೆರೆಸಿದ ನೀರು ಹರಿಯುತ್ತದೆ. ಗುಂಡಿ ಮುಚ್ಚುವ ಮೊದಲು ಜೋರಾಗಿ ನೀರು ಹಾಯಿಸಿ ಒಳಗಿನ ಗಾಳಿ, ಮಣ್ಣು, ಪೈಪಿನ ಚೂರುಗಳನ್ನು ಹೊರಹಾಕದಿದ್ದರೆ ಪಂಪು ಬೇಗ ಕೆಡುತ್ತದೆ.

ಮನೆಯೊಳಗಿನ ಯಂತ್ರ ಹೀಟ್ ಪಂಪ್. ಓಡುತ್ತಿರುವ ಫ್ರಿಜ್ಜಿನ ಪಕ್ಕೆಗೆ ಕೈ ಇಟ್ಟು ನೋಡಿದವರಿಗೆ ಇದು ಹೊಸದಲ್ಲ: ಒಳಗಿನ ಹಾಲಿನಿಂದ ಎತ್ತಿದ ಶಾಖವನ್ನೇ ಫ್ರಿಜ್ ಹೊರಗೆ ಬಿಡುತ್ತದೆ. ಹೀಟ್ ಪಂಪ್ ಚಳಿಗಾಲದಲ್ಲಿ ಕೊಳವೆಯ ನೀರಿನಿಂದ ಶಾಖ ಎತ್ತಿ ಕೋಣೆಗೆ ಬಿಡುತ್ತದೆ, ಬೇಸಿಗೆಯಲ್ಲಿ ಕವಾಟ ತಿರುಗಿಸಿ ಕೋಣೆಯ ಶಾಖವನ್ನು ನೀರಿಗೆ ಬಿಡುತ್ತದೆ.

ಜಾಲ ಚಾಲೂ ಆದ ಮೇಲೂ ಒಂದು ಕೆಲಸ ಉಳಿಯುತ್ತದೆ, ಅದನ್ನು ಮರೆಯುವವರೇ ಹೆಚ್ಚು. ಉತ್ತರ ಕರ್ನಾಟಕದ ಹಗೇವಿನಲ್ಲಿ (ನೆಲದಡಿಯ ಕಾಳಿನ ಕಣಜದಲ್ಲಿ) ತುಂಬಿದಷ್ಟೇ ಜೋಳ ತೆಗೆಯಲು ಬರುವಂತೆ, ನೆಲಕ್ಕೆ ಬೇಸಿಗೆಯಲ್ಲಿ ಇಳಿಸಿದ ಶಾಖಕ್ಕೂ ಚಳಿಗಾಲದಲ್ಲಿ ತೆಗೆದ ಶಾಖಕ್ಕೂ ಲೆಕ್ಕ ತಾಳೆಯಾಗಬೇಕು. ತೆಗೆಯುವುದೇ ಹೆಚ್ಚಾದರೆ ವರ್ಷದಿಂದ ವರ್ಷಕ್ಕೆ ನೆಲ ತಣ್ಣಗಾಗುತ್ತದೆ, ಇಳಿಸುವುದೇ ಹೆಚ್ಚಾದರೆ ಕಾಯುತ್ತದೆ. ಕೊಳವೆಯ ಉಷ್ಣತೆಯನ್ನು ಋತುವಿಗೊಮ್ಮೆ ಹಿಂದಿನ ವರ್ಷದ ದಾಖಲೆಯೊಡನೆ ಹೋಲಿಸಿದರೆ ಇದು ಮೊದಲೇ ಗೊತ್ತಾಗುತ್ತದೆ.

ಬೆಂಗಳೂರಿನ ಬಡಾವಣೆಯವರು ಇದನ್ನು ನಕಲು ಮಾಡಲು ಹೊರಟರೆ ಎಡವುವುದು ಇಲ್ಲಿಯೇ. ನೆಲದಾಳದ ಉಷ್ಣತೆ ಆಯಾ ಊರಿನ ವಾರ್ಷಿಕ ಸರಾಸರಿಯ ಆಸುಪಾಸಿನಲ್ಲಿರುವುದರಿಂದ ನಮ್ಮಲ್ಲಿ ಅದು ಸುಮಾರು 24 ಡಿಗ್ರಿ. ಮನೆ ಕಾಯಿಸುವ ಅಗತ್ಯವೇ ಇಲ್ಲದ ಕಾರಣ ಏ.ಸಿ.ಯ ಶಾಖ ನೆಲಕ್ಕೆ ಇಳಿಯುತ್ತಲೇ ಹೋಗುತ್ತದೆ, ಮರಳಿ ಬರುವುದಿಲ್ಲ. ಅದನ್ನು ಹೊರತೆಗೆಯಲು ನಮಗಿರುವ ಒಳ್ಳೆಯ ದಾರಿ ಸ್ನಾನದ ನೀರು. ಗೀಸರ್‌ಗಳ ಬದಲು ಅದೇ ಸುತ್ತಿನಿಂದ ಶಾಖ ಎತ್ತುವ ಹೀಟ್ ಪಂಪಿನಿಂದ ಇಡೀ ಅಪಾರ್ಟ್‌ಮೆಂಟಿಗೆ ಬಿಸಿನೀರು ಕಾಯಿಸಿಕೊಂಡು, ಬೋರ್‌ಗಳ ಅಂತರವನ್ನೂ ಹೆಚ್ಚಿಸಿಕೊಂಡರೆ, ರಾತ್ರಿ ಏ.ಸಿ. ಇಳಿಸಿದ ಶಾಖದ ಒಂದು ಪಾಲು ಬೆಳಿಗ್ಗೆ ಬಚ್ಚಲಿಗೆ ಮರಳುತ್ತದೆ.