ಮೊದಲು ಡೈ, ಆಮೇಲೆ ಸ್ಟ್ಯಾಂಪ್: ನನ್ನ ಅನುಭವ

ಸ್ಟ್ಯಾಂಪ್ (ಇಂಕ್ ಹಚ್ಚಿ ಚಿತ್ರ, ಬರಹ ಒತ್ತುವ ಅಚ್ಚು) ಹಾಕು, ಬಣ್ಣ ತುಂಬು, ಕೊನೆಗೆ ಡೈ (ಕಾಗದವನ್ನು ಒಂದು ಆಕಾರಕ್ಕೆ ಕತ್ತರಿಸುವ, ಅಲಗಿರುವ ತೆಳು ಲೋಹದ ಅಚ್ಚು) ಇಟ್ಟು ಕತ್ತರಿಸು. ಕೈಯಲ್ಲಿ ಶುಭಾಶಯದ ಕಾರ್ಡ್ ಮಾಡುವವರೆಲ್ಲ ಕಲಿಯುವ ಕ್ರಮ ಇದೇ. ನಾನು ಇದನ್ನು ತಿರುಗಿಸಿಬಿಟ್ಟಿದ್ದೇನೆ. ಖಾಲಿ ಕಾಗದವನ್ನು ಮೊದಲು ಡೈಯಲ್ಲಿ ಕತ್ತರಿಸಿಕೊಳ್ಳುತ್ತೇನೆ, ಸ್ಟ್ಯಾಂಪ್ ಆಮೇಲೆ. ಶುರುವಿನಲ್ಲಿ ಇದನ್ನು ಹೇಳಿದಾಗ ಜೊತೆಯಲ್ಲಿ ಕಾರ್ಡ್ ಮಾಡುವವರು ನಕ್ಕರು. "ಅಷ್ಟು ಚಿಕ್ಕ ತುಂಡಿನ ಮೇಲೆ ಸ್ಟ್ಯಾಂಪ್ ನೇರವಾಗಿ ಕೂರುತ್ತಾ? ಒಂದು ಮಾಡಬಹುದು, ಐವತ್ತು ಆಗಲ್ಲ" ಅಂದರು. ಈಗ ಅವರೇ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇ ಬಿಡೋಣ ಅನ್ನಿಸಿತು.

ಮೊದಲು ದುಡ್ಡಿನ ವಿಷಯ, ಯಾಕಂದ್ರೆ ನನ್ನನ್ನು ಈ ದಾರಿಗೆ ತಂದದ್ದು ಅದೇ. ಒಂದು ಹೂಗೊಂಚಲಿಗೆ ಅಲ್ಕೋಹಾಲ್ ಮಾರ್ಕರ್‌ನಲ್ಲಿ ನೆರಳು ಬೆಳಕು ಎಲ್ಲ ಕೊಟ್ಟು ಬಣ್ಣ ತುಂಬಲು ಅರ್ಧ ಗಂಟೆ ಬೇಕು. ಅದರ ಮೇಲೆ ಡೈ ಹೊಂದಿಸಿ, ಟೇಪ್ ಹಚ್ಚಿ, ಎರಡು ಪ್ಲೇಟುಗಳ ನಡುವೆ ಇಟ್ಟು, ಹಿಡಿಕೆ ತಿರುಗಿಸಿ ರೋಲರ್‌ನಲ್ಲಿ ಒತ್ತುವ ಮಷಿನ್‌ಗೆ ಕೊಟ್ಟರೆ ರೋಲರ್ ಹತ್ತಿರ ಬರುತ್ತಿದ್ದಂತೆ ಡೈ ಒಂದು ಮಿಲಿಮೀಟರ್ ಸರಿಯುತ್ತದೆ. ಆಚೆ ತೆಗೆದು ನೋಡಿದರೆ ಒಂದು ಬದಿಯಲ್ಲಿ ಬಿಳಿ ಅಂಚು ದಪ್ಪ, ಇನ್ನೊಂದು ಬದಿಯಲ್ಲಿ ಎಲೆಯ ತುದಿಯೇ ಇಲ್ಲ. ನನಗೆ ಹೆಚ್ಚುಕಮ್ಮಿ ಆರರಲ್ಲಿ ಒಂದು ಹೀಗೆ ಹೋಗುತ್ತಿತ್ತು. ಕಾಗದ ಹೋದರೆ ಹೋಗಲಿ, ಅರ್ಧ ಗಂಟೆ ಯಾರು ಕೊಡ್ತಾರೆ? ಒಂದೊಂದೇ ಕಾರ್ಡ್ ಮಾಡುವಾಗ ಇದು ಗೊತ್ತಾಗುವುದಿಲ್ಲ. ಒಂದೇ ಮಾದರಿಯ ಐವತ್ತು ಧನ್ಯವಾದ ಕಾರ್ಡ್ ಒಪ್ಪಿಕೊಂಡಾಗ ಗೊತ್ತಾಗುತ್ತದೆ. ಅಂಥ ಮೊದಲ ಆರ್ಡರ್ ಮುಗಿಸಿ ಲೆಕ್ಕ ಹಾಕಿದಾಗ ಸಾಮಾನಿನ ಖರ್ಚಷ್ಟೇ ವಾಪಸ್ ಬಂದಿತ್ತು. ನನ್ನ ಕೆಲಸಕ್ಕೆ ಸೊನ್ನೆ.

ಡೈ ಸರಿಯದಂತೆ ಮಾಡಲು ಏನೇನೋ ಮಾಡಿ ನೋಡಿದೆ. ಗಟ್ಟಿ ಹಿಡಿಯುವ ಟೇಪ್ ಕಾಗದದ ಮೇಲ್ಪದರವನ್ನೇ ಕಿತ್ತುಕೊಂಡು ಬರುತ್ತದೆ. ಕಿತ್ತು ಬರದ ಟೇಪ್ ಡೈಯನ್ನು ಹಿಡಿಯುವುದಿಲ್ಲ. ಮ್ಯಾಗ್ನೆಟಿಕ್ ಶೀಟ್ ತಂದೆ. ಡೈ ನಿಂತಿತು, ಆದರೆ ಪ್ಲೇಟುಗಳ ಒಟ್ಟು ದಪ್ಪದ ಲೆಕ್ಕ ಕೆಟ್ಟು ಮಷಿನ್ ಹಿಡಿಕೆ ತಿರುಗಿಸಲು ತೋಳಿನ ಬಲ ಎಲ್ಲ ಬೇಕಾಯಿತು. ಅದೂ ಅಲ್ಲದೆ, ಐವತ್ತು ಸಲ ಕಣ್ಣಳತೆಯಲ್ಲೇ ಡೈ ಹೊಂದಿಸಬೇಕು. ಆ ಶೀಟ್‌ಗೆ ಹಾಕಿದ ದುಡ್ಡು ದಂಡ. ಈಗ ಡೈಗಳನ್ನು ಎತ್ತಿಡಲು ಉಪಯೋಗಕ್ಕೆ ಬರುತ್ತಿದೆ.

ಕೊನೆಗೆ ಕೆಲಸಕ್ಕೆ ಬಂದದ್ದು ನಾವೆಲ್ಲ ಕಸಕ್ಕೆ ಹಾಕುವ ಭಾಗ. ಡೈ ಹೊಡೆದ ಮೇಲೆ ಉಳಿಯುತ್ತಲ್ಲ, ತೂತು ಬಿದ್ದ ಕಾಗದ, ಅದೇ. ಅದನ್ನು ಸ್ಟ್ಯಾಂಪಿಂಗ್ ಪ್ಲಾಟ್‌ಫಾರ್ಮ್‌ನ (ಮುಚ್ಚಳಕ್ಕೆ ಸ್ಟ್ಯಾಂಪ್ ಅಂಟಿಸಿ ಪ್ರತಿ ಸಲ ಒಂದೇ ಜಾಗಕ್ಕೆ ಒತ್ತುವ ತಟ್ಟೆ) ಮೂಲೆಗೆ ಒತ್ತಿ ಮ್ಯಾಗ್ನೆಟ್ ಇಟ್ಟರೆ ಚೌಕಟ್ಟು ಸಿದ್ಧ. ಕತ್ತರಿಸಿದ ತುಂಡನ್ನು ಆ ತೂತಿನೊಳಗೆ ಕೂರಿಸಿ, ಅದರ ಮೇಲೆ ಸ್ಟ್ಯಾಂಪ್ ಹೊಂದಿಸಿ, ಮುಚ್ಚಳ ಮುಚ್ಚಿ ಸ್ಟ್ಯಾಂಪನ್ನು ಮುಚ್ಚಳಕ್ಕೆ ಹಿಡಿಸಬೇಕು. ಹೊಂದಿಸುವ ಕೆಲಸ ಒಂದೇ ಸಲ. ಆಮೇಲೆ ಇಂಕ್ ಹಚ್ಚು, ಮುಚ್ಚು, ಒತ್ತು, ತುಂಡು ತೆಗೆ, ಮುಂದಿನದನ್ನು ಇಡು. ಐವತ್ತಕ್ಕೆ ಐವತ್ತೂ ಒಂದೇ ಜಾಗದಲ್ಲಿ ಬೀಳುತ್ತವೆ. ಕಪ್ಪು ಸಾಲದಿದ್ದರೆ ತುಂಡನ್ನು ಅಲ್ಲಾಡಿಸದೆ ಇನ್ನೊಂದು ಸಲ ಇಂಕ್ ಹಚ್ಚಿ ಒತ್ತಿದರಾಯಿತು.

ಬಾಯಲ್ಲಿ ಹೇಳಲು ಸುಲಭ. ಮೊದಲ ದಿನ ಏನಾಯಿತು ಅಂದರೆ, ಮುಚ್ಚಳ ಎತ್ತಿದಾಗ ತುಂಡು ಸ್ಟ್ಯಾಂಪಿಗೇ ಅಂಟಿಕೊಂಡು ಮೇಲೆ ಬಂತು. ನಕ್ಕವರು ಹೇಳಿದ್ದೇ ಸರಿ ಅನ್ನಿಸಿತು. ಫೋಟೋಪಾಲಿಮರ್ ಸ್ಟ್ಯಾಂಪ್‌ಗೆ, ಅಂದರೆ ಪಾರದರ್ಶಕ ಸ್ಟ್ಯಾಂಪ್‌ಗೆ, ಅಂಟುವ ಗುಣ ಇದ್ದೇ ಇರುತ್ತದೆ, ಅದರ ಜೊತೆ ನಿಧಾನವಾಗಿ ಒಣಗುವ ಪಿಗ್ಮೆಂಟ್ ಇಂಕ್ ಸೇರಿದರೆ ಕೇಳುವುದೇ ಬೇಡ. ತುಂಡಿನ ಕೆಳಗೆ ಹಗುರವಾಗಿ ಹಿಡಿಯುವ ಅಂಟು ಬೇಕು. ತುಂಡನ್ನು ಹಿಡಿದುಕೊಳ್ಳಬೇಕು, ಬಿಡಿಸಿದಾಗ ಹಿಂಭಾಗ ಹರಿಯಬಾರದು. ನಾನು ಏನು ಬಳಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅಷ್ಟಾದರೂ ನನ್ನ ಹತ್ತಿರ ಇರಲಿ. ಅಂಗಡಿಯಲ್ಲಿ ಸಿಗುವ ಸ್ಟಿಕಿ ಮ್ಯಾಟ್‌ನಿಂದ ಶುರು ಮಾಡಿ, ಹೊಸತಿದ್ದಾಗ ಅದರ ಅಂಟು ಜಾಸ್ತಿ ಇರುತ್ತದೆ, ಬಟ್ಟೆಗೆ ಎರಡು ಮೂರು ಸಲ ಒತ್ತಿ ಪಳಗಿಸಿಕೊಳ್ಳಿ.

ಎರಡನೆಯ ತಲೆನೋವು ದಪ್ಪ. ಸುಮ್ನೆ ಕೈಗೆ ಸಿಕ್ಕ ತೆಳು ಕಾಗದದಲ್ಲಿ ಚೌಕಟ್ಟು ಮಾಡಿದರೆ ತುಂಡಿನ ಅಂಚು ಎತ್ತರಕ್ಕೆ ನಿಂತು ಅಲ್ಲಿ ಇಂಕ್ ಗೆರೆಯಾಗುತ್ತದೆ. ಚೌಕಟ್ಟು ದಪ್ಪವಾದರೆ ಅಂಚಿನ ಹತ್ತಿರದ ಅಕ್ಷರ ಮಾಸಲು. ಎರಡೂ ಒಂದೇ ಕಾಗದ ಇರಬೇಕು. ನಾನು 250 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ನಯವಾದ ಬಿಳಿ ಕಾರ್ಡ್‌ಸ್ಟಾಕ್ ಬಳಸುತ್ತೇನೆ, ಕಾರ್ಡಿನ ತಳಕ್ಕೆ ಮಾತ್ರ 300. ಇನ್ನೊಂದು, ಕತ್ತರಿಸಿದ ತುಂಡನ್ನು ಬೆರಳಲ್ಲಿ ಸವರಿ ನೋಡಿ. ಡೈಯ ಅಲಗು ತಾಗಿದ ಮುಖದಲ್ಲಿ ಅಂಚು ಸ್ವಲ್ಪ ಬಾಗಿ ನುಣ್ಣಗಿರುತ್ತದೆ, ಹಿಂಭಾಗದಲ್ಲಿ ಸಣ್ಣ ಏಣು ಕೈಗೆ ಸಿಗುತ್ತದೆ. ಚೌಕಟ್ಟಿಗೂ ಹಾಗೇ. ಎರಡೂ ನುಣುಪಿನ ಮುಖ ಮೇಲೆ ಬರುವಂತೆ ಇಟ್ಟರೆ ತುಂಡು ಸಲೀಸಾಗಿ ಕೂರುತ್ತದೆ. ವೃತ್ತದ ಡೈ ಆದರೂ ತುಂಡಿನ ತಲೆ ಯಾವುದು ಅಂತ ಹಿಂದೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ನೋಡಲು ಎಲ್ಲ ಕಡೆ ಒಂದೇ ಅನ್ನಿಸಿದರೂ ಕತ್ತರಿಸಿದ ದಿಕ್ಕಿನಲ್ಲೇ ಅದು ಸರಿಯಾಗಿ ಕೂರುವುದು.

ನನಗೆ ಜಾಸ್ತಿ ದಿನ ಅರ್ಥವಾಗದೇ ಇದ್ದದ್ದು ಕಾಗದದ ಗ್ರೇನ್, ಅಂದರೆ ಕಾಗದದ ನಾರುಗಳು ಮಲಗಿರುವ ದಿಕ್ಕು. ಬೆಳಿಗ್ಗೆ ಬಿಗಿಯಾಗಿ ಕೂತ ತುಂಡುಗಳು ಮಳೆ ಹಿಡಿದ ಸಂಜೆ ತೂತಿಗೆ ಹಿಡಿಸುತ್ತಲೇ ಇರಲಿಲ್ಲ. ಕಾಗದ ತೇವ ಕುಡಿದರೆ ಹಿಗ್ಗುತ್ತದೆ ಅನ್ನುವುದು ಗೊತ್ತು, ಆದರೆ ಅದು ಗ್ರೇನ್‌ಗೆ ಅಡ್ಡಲಾಗಿ ಹಿಗ್ಗುವುದು ಜಾಸ್ತಿ, ಉದ್ದಕ್ಕೆ ಕಮ್ಮಿ. ನಾನು ಕಾಗದ ಉಳಿಸಲು ಡೈಯನ್ನು ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ಇಟ್ಟು ಹೊಡೆಯುತ್ತಿದ್ದೆ. ಹಾಗಾಗಿ ಚೌಕಟ್ಟು ಒಂದು ಕಡೆಗೆ ಹಿಗ್ಗಿದರೆ ತುಂಡು ಇನ್ನೊಂದು ಕಡೆಗೆ. ಈಗ ಎಲ್ಲವನ್ನೂ ಒಂದೇ ದಿಕ್ಕಿನಲ್ಲಿ ಹೊಡೆಯುತ್ತೇನೆ. ಎ4 ಹಾಳೆಗೆ ಒಂದು ತುಂಡು ಕಮ್ಮಿ ಬರುತ್ತದೆ, ಬರಲಿ.

ಗ್ರೇನ್ ಮಾತು ಬಂತಲ್ಲ, ತಳದ ಕಾರ್ಡ್ ಬಗ್ಗೆಯೂ ಹೇಳಿಬಿಡುತ್ತೇನೆ. ಮಡಿಕೆಯ ಮೇಲೆ ಕಾರ್ಡ್ ಬಿರುಕು ಬಿಡುತ್ತೆ ಅಂತ ಎಷ್ಟೋ ಜನ ಕಾಗದವನ್ನು ಬೈಯುತ್ತಾರೆ. ಎ4 ಹಾಳೆಯ ಗ್ರೇನ್ ಉದ್ದಕ್ಕೆ, ಅಂದರೆ 297 ಮಿಲಿಮೀಟರ್ ಬದಿಗೆ ಇದ್ದರೆ, ಅಡ್ಡಕ್ಕೆ ಕತ್ತರಿಸಿ ಎರಡು ಎ5 ಮಾಡಿ, ಅದನ್ನು ಎ6 ಆಗಿ ಮಡಚಿ. ಮಡಿಕೆ ಗ್ರೇನ್ ಜೊತೆಗೇ ಹೋಗುತ್ತದೆ, ಬಿರುಕು ಬರುವುದಿಲ್ಲ. ಅದೇ ಹಾಳೆಯನ್ನು ಉದ್ದಕ್ಕೆ ಸೀಳಿ 105ರ ಪಟ್ಟಿ ಮಾಡಿ ಮಡಚಿದರೂ ಕಾರ್ಡಿನ ಅಳತೆ ಅದೇ, ಆದರೆ ಮಡಿಕೆ ಗ್ರೇನ್‌ಗೆ ಅಡ್ಡ ಬಂದು ಬಿರಿಯುತ್ತದೆ. ಗ್ರೇನ್ ಯಾವ ಕಡೆ ಅಂತ ನೋಡಲು ಹಾಳೆಯನ್ನು ಎರಡೂ ಕಡೆ ಹಗುರವಾಗಿ ಬಾಗಿಸಿದರೆ ಸಾಕು, ಕೈಗೆ ಗೊತ್ತಾಗುತ್ತದೆ.

ಇಂಕ್ ವಿಷಯದಲ್ಲಿ ನೀವು ಈಗ ಬಳಸುತ್ತಿರುವುದನ್ನು ಬದಲಿಸಬೇಕಾಗಿಲ್ಲ. ಅಲ್ಕೋಹಾಲ್ ಮಾರ್ಕರ್ ಮೇಲೆ ಬರುವುದಿದ್ದರೆ ಮೆಮೆಂಟೊ, ಬರಹಕ್ಕೆ ವರ್ಸಾಫೈನ್, ನನಗೆ ಇವೆರಡೇ ಸಾಕು. ಆದರೆ ನೀರಿನ ಬಣ್ಣ ಹಚ್ಚುವವರು ಒಂದು ಗಮನಿಸಿ. ಚಿತ್ರ, ಬರಹ ಏನೇನು ಒತ್ತಬೇಕೋ ಎಲ್ಲ ಒತ್ತಿ ಮುಗಿಸಿ, ಆಮೇಲೆ ನೀರು ಮುಟ್ಟಿಸಿ. ಒಂದು ಸಲ ನೀರು ಕುಡಿದ ತುಂಡು ಒಣಗಿದ ಮೇಲೂ ಹಳೆಯ ಅಳತೆಗೆ ಬರುವುದಿಲ್ಲ, ಚೌಕಟ್ಟಿಗೆ ಮತ್ತೆ ಕೂರುವುದಿಲ್ಲ.

ಈ ವಿಧಾನದ ನಿಜವಾದ ಲಾಭ ಕಂಡದ್ದು ಪದರದ ಸ್ಟ್ಯಾಂಪ್‌ಗಳಲ್ಲಿ. ಮೂರು ನಾಲ್ಕು ಸ್ಟ್ಯಾಂಪ್ ಒಂದರ ಮೇಲೊಂದು ಒತ್ತಿ ಹೂ ಮಾಡುವಂಥವು ಇರುತ್ತವಲ್ಲ, ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ. ಕೈಯಲ್ಲಿ ಒತ್ತಿದರೆ ಮೂರನೆಯ ಪದರ ಎಲ್ಲೋ ಹೋಗುತ್ತದೆ. ಚೌಕಟ್ಟಿನಲ್ಲಿ ಎಲ್ಲ ತುಂಡುಗಳಿಗೂ ಮೊದಲ ಪದರ ಮುಗಿಸಿ, ಸ್ಟ್ಯಾಂಪ್ ಬದಲಿಸಿ, ಎಲ್ಲಕ್ಕೂ ಎರಡನೆಯದು. ಮಾರ್ಕರ್ ಮುಟ್ಟುವುದೇ ಬೇಡ. ಅರ್ಧ ಗಂಟೆಯ ಹೂ ಎರಡು ಮೂರು ನಿಮಿಷಕ್ಕೆ ಇಳಿಯಿತು. ಹಿಂದೆ ಆರರಲ್ಲಿ ಒಂದು ಹಾಳಾಗುತ್ತಿದ್ದದ್ದು ಈಗ ಮೂವತ್ತರಲ್ಲಿ ಒಂದೂ ಇಲ್ಲ, ಹಾಳಾದರೂ ಹೋಗುವುದು ಬರೀ ಕಾಗದ ಮತ್ತು ಎರಡು ಹನಿ ಇಂಕ್. ಚೌಕಟ್ಟು ಮಾತ್ರ ನಲವತ್ತು ಐವತ್ತು ಒತ್ತಿನ ನಂತರ ಅಂಚು ಮೆತ್ತಗಾಗುತ್ತದೆ. ಆಗ ಹೊಸದನ್ನು ಇಡಿ, ಅದಕ್ಕೇನು ಬರವಿಲ್ಲ, ಕಸದಬುಟ್ಟಿ ತುಂಬ ಅದೇ ಇರುತ್ತದೆ.

ದುಡ್ಡು ಉಳಿದ ಇನ್ನೊಂದು ಜಾಗ ಫೋಮ್ ಟೇಪ್, ಅಂದರೆ ತುಂಡು ಕಾರ್ಡಿನಿಂದ ಸ್ವಲ್ಪ ಎತ್ತರಕ್ಕೆ ನಿಲ್ಲುವಂತೆ ಅಂಟಿಸುವ ದಪ್ಪ ಟೇಪ್. ಕಾರ್ಡಿನ ಖರ್ಚು ಬಿಡಿಸಿ ನೋಡಿದಾಗ ಕಾಲು ಭಾಗಕ್ಕಿಂತ ಜಾಸ್ತಿ ಫೋಮ್ ಟೇಪ್‌ಗೇ ಹೋಗುತ್ತಿತ್ತು, ಕಾಗದಕ್ಕಿಂತ ಹೆಚ್ಚು! ಈಗ ಅಕ್ಷರದ ಡೈಯಲ್ಲಿ ಅದೇ ಪದವನ್ನು ನಾಲ್ಕು ಸಲ ಚೂರು ಕಾಗದದಲ್ಲಿ ಹೊಡೆದು, ತೆಳು ತುದಿಯ ಬಾಟಲಿಯ ಗೋಂದಿನಲ್ಲಿ ಒಂದರ ಮೇಲೊಂದು ಅಂಟಿಸುತ್ತೇನೆ. ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ದಪ್ಪ ಬರುತ್ತದೆ. ನೋಡಲು ಫೋಮ್‌ಗಿಂತ ಚೆನ್ನ, ಲಕೋಟೆಯೂ ಉಬ್ಬುವುದಿಲ್ಲ. ಸೂಕ್ಷ್ಮ ಕುಸುರಿಯ ಡೈ ಆದರೆ ಡೈಗೂ ಕಾಗದಕ್ಕೂ ನಡುವೆ ಮೇಣದ ಕಾಗದ ಇಟ್ಟು ಹೊಡೆಯಿರಿ, ಚುಚ್ಚಿ ಚುಚ್ಚಿ ಬಿಡಿಸುವ ಕೆಲಸ ತಪ್ಪುತ್ತದೆ.

ನಡುವೆ ಕೆಲವು ಹುಚ್ಚು ಪ್ರಯೋಗ. ಇದೇ ಚೌಕಟ್ಟಿನಲ್ಲಿ ಎಂಬಾಸಿಂಗ್ ಪುಡಿ (ಹಸಿ ಇಂಕ್ ಮೇಲೆ ಉದುರಿಸಿ ಬಿಸಿ ಮಾಡಿದರೆ ಕರಗಿ ಉಬ್ಬುವಂಥದ್ದು) ಹಾಕಿ ನೋಡಿದೆ. ಪುಡಿ ಚೌಕಟ್ಟಿನ ಸಂದಿಗೆ ಇಳಿದು, ಮುಂದಿನ ತುಂಡಿನ ಅಂಚಿಗೆ ಮೆತ್ತಿ, ಹೀಟ್ ಗನ್ ಹಿಡಿದಾಗ ಅಲ್ಲೆಲ್ಲ ಚಿನ್ನದ ಚುಕ್ಕೆ. ಒತ್ತಿದ ಕೂಡಲೇ ತುಂಡನ್ನು ತೆಗೆದು ಬೇರೆ ಮೇಜಿಗೆ ಒಯ್ದು ಪುಡಿ ಉದುರಿಸಿದರೆ ಆಗುತ್ತದೆ, ಪುಡಿ ಬೇಡದ ಕಡೆ ಅಂಟದಿರಲಿ ಅಂತ ಒತ್ತುವುದಕ್ಕೆ ಮುಂಚೆಯೇ ಕಾಗದದ ಮೇಲೆ ಆಂಟಿ ಸ್ಟ್ಯಾಟಿಕ್ ಚೀಲ ಸವರಬೇಕು. ಇಬ್ಬರಿದ್ದರೆ ಸುಲಭ, ಒಬ್ಬರೇ ಆದರೆ ಓಡಾಟ. ಅರ್ಧ ಡೈ ಹೊಡೆಯುವುದನ್ನೂ ಮಾಡಿದೆ. ಮೇಲಿನ ಪ್ಲೇಟ್ ಡೈಯ ಅರ್ಧಕ್ಕೆ ಮಾತ್ರ ಬರುವಂತೆ ಇಟ್ಟರೆ ಅಷ್ಟೇ ಕತ್ತರಿಸುತ್ತದೆ, ಉಳಿದರ್ಧ ಕಾರ್ಡಿಗೇ ಅಂಟಿಕೊಂಡಿರುತ್ತದೆ. ಎಲೆಗಳು ಕಾರ್ಡಿನಿಂದ ಎದ್ದು ನಿಂತಂತೆ ಕಾಣುತ್ತವೆ. ಚೆನ್ನಾಗಿದೆ, ಆದರೆ ಐವತ್ತರ ಆರ್ಡರ್‌ಗೆ ಆಗಿಬರುವುದಿಲ್ಲ. ಚೌಕಟ್ಟು ಹಳತಾದ ಮೇಲೆ ಅದರ ತೂತನ್ನೇ ಸ್ಟೆನ್ಸಿಲ್ ಮಾಡಿ ಇಂಕ್ ಸವರಿದರೆ ಹಿನ್ನೆಲೆಗೆ ಮಸುಕು ಆಕಾರ ಬರುತ್ತದೆ. ಇದು ಮಾತ್ರ ಎಲ್ಲರಿಗೂ ಇಷ್ಟವಾಯಿತು, ಬಿಟ್ಟಿ ಸಾಮಾನು ಬೇರೆ.

ಐವತ್ತರ ಆರ್ಡರ್ ಬಂದರೆ ನನ್ನ ದಿನ ಹೀಗೆ: ಒಂದು ಸಂಜೆ ಪೂರ್ತಿ ಡೈ ಮಾತ್ರ. ಪ್ರತಿ ಸಲ ಪ್ಲೇಟ್ ಮಗುಚಿ ಹಾಕುತ್ತೇನೆ, ಇಲ್ಲದಿದ್ದರೆ ಬಾಳೆ ಎಲೆ ಹಾಗೆ ಬಾಗುತ್ತದೆ. ನೇರ ಬದಿಯ ಡೈಯನ್ನು ಸ್ವಲ್ಪ ಓರೆಯಾಗಿ ಇಡುತ್ತೇನೆ, ಆಗ ರೋಲರ್‌ಗೆ ಇಡೀ ಬದಿ ಒಂದೇ ಏಟಿಗೆ ಸಿಗುವುದಿಲ್ಲ, ಕತ್ತರಿಕೆ ಚೊಕ್ಕ. ಮಾರನೆಯ ದಿನ ಸ್ಟ್ಯಾಂಪ್. ಒಣಗಲು ರಾತ್ರಿ ಬಿಟ್ಟು ಮೂರನೆಯ ದಿನ ಅಂಟಿಸುವುದು. ತಪ್ಪಿಗೆ ಅಂತ ಐದಾರು ತುಂಡು ಹೆಚ್ಚೇ ಹೊಡೆದಿಟ್ಟಿರುತ್ತೇನೆ. ಉಳಿದರೆ ಬಿಡಿ ಕಾರ್ಡಿಗೆ ಬಂತು. ಕೊನೆಯ ದೊಡ್ಡ ಆರ್ಡರ್‌ನಲ್ಲಿ ಸಾಮಾನಿನ ಖರ್ಚಿನ ಎರಡೂವರೆ ಪಟ್ಟು ಕೈಗೆ ಬಂತು, ಹಳೆಯ ಸೊನ್ನೆಗೆ ಹೋಲಿಸಿದರೆ ನನಗೆ ಅದು ಹಬ್ಬ.

ಕೆಂಪು ರಬ್ಬರ್ ಸ್ಟ್ಯಾಂಪ್ ಬಳಸುವವರಿಗೆ ಒಂದು ಮಾತು. ಅವು ಪಾರದರ್ಶಕ ಸ್ಟ್ಯಾಂಪ್‌ಗಿಂತ ದಪ್ಪ, ಹಾಗಾಗಿ ಪ್ಲಾಟ್‌ಫಾರ್ಮ್‌ನ ತಳದ ಫೋಮ್ ಹಾಸು ತೆಗೆದು ಚೌಕಟ್ಟು ಇಡಿ. ಹಾಸು ಬಿಟ್ಟೇ ಒತ್ತಿದರೆ ಮುಚ್ಚಳ ಸರಿಯಾಗಿ ಮುಚ್ಚುವುದಿಲ್ಲ, ಬರಹದ ಒಂದು ಬದಿ ಮಾತ್ರ ಗಾಢವಾಗಿ ಬೀಳುತ್ತದೆ.