ಗೇಮ್ ಆಡಾಕ ಹೆಡ್‌ಫೋನ್ ತಗೊಳ್ಳೋ ಮುಂದ ಏನೇನ್ ನೋಡಬೇಕು

ಗದಗದಾಗ ನಮ್ಮ ಕಾಕಾನ ಮಗ ಒಬ್ಬಾವ ಅದಾನ, ಡಿಗ್ರಿ ಓದಾಕತ್ತಾನ, ಮನ್ಯಾಗಿನ ಹಳೇ ಡೆಸ್ಕ್‌ಟಾಪಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸ್ಕೊಂಡು ರಾತ್ರಿ ದೋಸ್ತರ ಜೋಡಿ ವ್ಯಾಲೊರಂಟ್ ಅನ್ನೋ ಗುಂಡ ಹೊಡಿಯೋ ಗೇಮ್ ಆಡತಾನ. ಹೋದ ತಿಂಗಳ ಫೋನ್ ಮಾಡಿ "ಅಣ್ಣಾ, ಎರಡೂವರಿ ಸಾವಿರ ಕೂಡಿಸೇನಿ, 7.1 ಅಂತ ಬರದೈತಿ, ಕೆಂಪ ನೀಲಿ ಲೈಟ್ ಬರತಾವ, ಆರ್ಡರ್ ಹಾಕ್ಲೇನು?" ಅಂದ. ನಾ "ತಡಿಯೋ ತಮ್ಮಾ, ರವಿವಾರ ಹುಬ್ಬಳ್ಳಿಗೆ ಬಾ, ಕಿವಿಗೆ ಹಾಕ್ಕೊಂಡ ನೋಡಿ ತಗೊಳ್ಳೂಣು" ಅಂದೆ. ಅವತ್ತ ಕೊಪ್ಪೀಕರ ರೋಡ್ ಸುತ್ತಾಡ್ಕೋಂತ ಅವಂಗ ಏನೇನ್ ಹೇಳಿದ್ನೋ ಅದನ್ನ ಇಲ್ಲೆ ಬರೀತೀನಿ, ಯಾಕಂದ್ರ ಅವನಂಗ ಪಾಕೆಟ್ ಮನಿ ಕೂಡಿಸಿ ತಗೊಳ್ಳೋ ಹುಡುಗ್ರು ಭಾಳ ಮಂದಿ ಅದಾರ, ಆ ರೊಕ್ಕ ಲೈಟಿಗೆ ಹೋಗಬಾರದು.

ಗೇಮಿಗೆ ಹೆಡ್‌ಫೋನ್ ಅಂದ್ರ ಅದರಿಂದ ನಮಗ ಬೇಕಾಗಿದ್ದು ಇಷ್ಟ: ಎದುರಿನವನ ಹೆಜ್ಜಿ ಸಪ್ಪಳ ಯಾ ಕಡಿಂದ ಬಂತು ಅಂತ ಗೊತ್ತಾಗಬೇಕು, ನಾವ್ ಮಾತಾಡಿದ್ದು ದೋಸ್ತರಿಗೆ ಸ್ವಚ್ಛ ಕೇಳಬೇಕು, ಎರಡ್ ತಾಸ ಹಾಕ್ಕೊಂಡ ಕುಂತ್ರೂ ತಲಿ ಕಿವಿ ನೋಯಬಾರದು. ಡಬ್ಬಿ ಮ್ಯಾಲ ಬರದಿದ್ದ ಉಳಿದದ್ದನ್ನೆಲ್ಲಾ ಈ ಮೂರಕ್ಕ ಹಚ್ಚಿ ನೋಡ್ರಿ, ಉಪಯೋಗ ಇಲ್ಲಂದ್ರ ಅದಕ್ಕ ರೊಕ್ಕ ಕೊಡಬ್ಯಾಡ್ರಿ.

ಮೊದಲ ನಿಮ್ಮ ಕಂಪ್ಯೂಟರ್ ನೋಡ್ರಿ

ಅಂಗಡಿಗೆ ಹೋಗೂಕಿಂತ ಮೊದಲ ಮನ್ಯಾಗ ಕಂಪ್ಯೂಟರ್ ಹಿಂದ ಬಗ್ಗಿ ನೋಡ್ರಿ. ಡೆಸ್ಕ್‌ಟಾಪಿಗೆ ಸಾಮಾನ್ಯ ಎರಡ ಬ್ಯಾರೆ ಬ್ಯಾರೆ ತೂತ ಇರತಾವ, ಹಸರಂದು ಕೇಳಾಕ, ಗುಲಾಬಿ ಬಣ್ಣದ್ದು ಮೈಕಿಗೆ. ಈಗಿನ ಲ್ಯಾಪ್‌ಟಾಪಿಗೆ ಬಹಳಷ್ಟು ಒಂದ ತೂತ, ಎರಡೂ ಅದರಾಗ. ಹೆಡ್‌ಸೆಟ್ಟಿನ 3.5 ಎಂಎಂ ಪಿನ್ ನೋಡ್ರಿ, ಅದರ ಮ್ಯಾಲ ಮೂರ ಕರೀ ಗೆರಿ ಇದ್ರ ಅದು ಮೈಕು ಸಪ್ಪಳ ಎರಡೂ ಕೂಡಿಸಿದ ಪಿನ್, ಲ್ಯಾಪ್‌ಟಾಪಿಗೆ ಫೋನಿಗೆ ಸೀದಾ ಆಗತೈತಿ, ಆದ್ರ ಡೆಸ್ಕ್‌ಟಾಪಿನ ಹಸರ ತೂತಿಗೆ ಹಾಕಿದ್ರ ಸಪ್ಪಳ ಬರತೈತಿ, ಮೈಕ್ ಸತ್ತಂಗ ಇರತೈತಿ. ಭಾಳ ಮಂದಿ ಇಲ್ಲೇ "ಮೈಕ್ ಕೆಟ್ಟೈತಿ" ಅಂತ ವಾಪಸ್ ಕಳಸ್ತಾರ, ಖರೇ ಅಂದ್ರ ಒಂದ ಸ್ಪ್ಲಿಟರ್ ವೈರ್ ಬೇಕಾಗಿರತೈತಿ, ಒಂದ ಕಡೆ ಹೆಡ್‌ಸೆಟ್ ಚುಚ್ಚೂದು, ಇನ್ನೊಂದ ಕಡೆ ಎರಡ ಪಿನ್. ಡಬ್ಯಾಗ ಅದು ಐತಿಲ್ಲೋ ಕೇಳಿ ತಗೊಳ್ರಿ.

ಇನ್ನ ಕ್ಯಾಬಿನೆಟ್ಟಿನ ಮುಂದಿನ ತೂತಿಗೆ ಹಾಕಿದ್ರ ಕೆಲವ ಕಡೆ ಝೀ ಅಂತ ಸಣ್ಣ ಸಪ್ಪಳ ಬರತೈತಿ, ಮೌಸ್ ಸರಸಿದ್ರ ಅದೂ ಬದಲಾಗತೈತಿ. ಹಿಂದಿನ ತೂತಿಗೆ ಹಾಕಿ ನೋಡ್ರಿ. ಅಷ್ಟಕ್ಕೂ ಹೋಗಲಿಲ್ಲಂದ್ರ ಯುಎಸ್‌ಬಿ ಹೆಡ್‌ಸೆಟ್ ಚಲೋ, ಅದರಾಗ ಅದರದ ಸೌಂಡ್ ಕಾರ್ಡ್ ಇರತೈತಿ, ಮದರ್‌ಬೋರ್ಡಿನ ಗದ್ಲ ಅದಕ್ಕ ಅಷ್ಟ ಹತ್ತೂದಿಲ್ಲ. ಹಳೇ ಮನಿಗೋಳ್ದಾಗ ಅರ್ಥಿಂಗ್ ಸರಿ ಇರೂದಿಲ್ಲ, ಲ್ಯಾಪ್‌ಟಾಪ್ ಚಾರ್ಜರ್ ಹಚ್ಚಿದಾಗ ಗುಂಯ್ ಅಂದು ತಗದ ಕೂಡ್ಲೆ ನಿಂತ್ರ ಅದು ಹೆಡ್‌ಫೋನಿನ ತಪ್ಪಲ್ಲ, ವಾಯರ್‌ಮನ್ ಕರಸಿ ಪ್ಲಗ್ ಪಾಯಿಂಟ್ ತೋರಸ್ರಿ.

ಬ್ಲೂಟೂತ್ ಬ್ಯಾಡ ಅನ್ನೋದಕ್ಕ ಕಾರಣ

ಹಳ್ಳಿ ಕೆರಿ ದಂಡಿಗೆ ನಿಂತು ಆ ಕಡೆ ದಂಡ್ಯಾಗ ಬಟ್ಟಿ ಒಗಿಯೋರನ್ನ ನೋಡೀರಲ್ಲ, ಬಟ್ಟಿ ಕಲ್ಲಿಗೆ ಬಡದಿದ್ದು ಮೊದಲ ಕಾಣತೈತಿ, ಸಪ್ಪಳ ಆಮ್ಯಾಲೆ ಬರತೈತಿ. ಸಾದಾ ಬ್ಲೂಟೂತಿನ್ಯಾಗ ಸುಮಾರು 150ರಿಂದ 250 ಮಿಲಿಸೆಕೆಂಡ್ ತಡಾ ಆಗತೈತಿ, 200 ಮಿಲಿಸೆಕೆಂಡ್ ಅಂದ್ರ ಹೆಚ್ಚುಕಡಿಮಿ 70 ಮೀಟರ್ ದೂರದಾಗ ನಿಂತು ಕೇಳಿದಂಗ. ಸೆಕೆಂಡಿಗೆ 60 ಫ್ರೇಮ್ ಓಡೋ ಗೇಮಿನ್ಯಾಗ ಅದು 12 ಫ್ರೇಮ್ ಆತು, ಅಷ್ಟರಾಗ ಎದುರಿನಾವ ಮೂಲಿ ದಾಟಿ ಬಂದು ಹೊಡದಿರತಾನ. ಸಿನಿಮಾ ಆ್ಯಪ್‌ಗೋಳು ಚಿತ್ರಾನ ಸ್ವಲ್ಪ ತಡದು ಸಪ್ಪಳಕ್ಕ ಹೊಂದಸ್ತಾವ, ಅದಕ್ಕ ಅಲ್ಲೆ ನಮಗ ಗೊತ್ತಾಗೂದಿಲ್ಲ, ಗೇಮಿನ್ಯಾಗ ಹಂಗ ತಡ್ಯಾಕ ಆಗಂಗಿಲ್ಲ.

ಅದಕ್ಕಿಂತ ದೊಡ್ಡ ತ್ರಾಸ ಇನ್ನೊಂದ ಐತಿ. ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕ್ ಚಾಲೂ ಆದ ಕೂಡ್ಲೆ ಅದು ಫೋನ್ ಕಾಲಿನ ಮೋಡಿಗೆ ಹೋಗತೈತಿ, ಆಗ ಎಡ ಬಲ ಎರಡೂ ಕೂಡಿ ಒಂದ ಆಗಿ, ಸಪ್ಪಳ ಡಬ್ಬಿ ಒಳಗಿಂದ ಬಂದಂಗ ಬರತೈತಿ. ದಿಕ್ಕ ಹೋತಲ್ಲ, ಇನ್ನೇನ್ ಉಳೀತು? ಎಲ್ಇ ಆಡಿಯೊ ಅನ್ನೋ ಹೊಸ ನಮೂನಿ ಬ್ಲೂಟೂತ್ ಇದನ್ನ ಸುಧಾರಸೈತಿ, ಆದ್ರ ಹೆಡ್‌ಫೋನಿನ್ಯಾಗೂ ಕಂಪ್ಯೂಟರಿನ್ಯಾಗೂ ಎರಡೂ ಕಡೆ ಅದು ಇರಬೇಕು. ವೈರ್ ಬ್ಯಾಡಾಗೇ ಬ್ಯಾಡ ಅನ್ನೋರು 2.4 ಗಿಗಾಹರ್ಟ್ಜ್ ಡಾಂಗಲ್ ಇರೋದನ್ನ ತಗೊಳ್ರಿ, ಸಣ್ಣ ಪೆನ್‌ಡ್ರೈವ್‌ನಂಥದ್ದು ಯುಎಸ್‌ಬಿಗೆ ಚುಚ್ಚತಾರಲ್ಲ ಅದು, ಅದರಾಗ ತಡಾ ಆಡಾಕ ಅಡ್ಡ ಬರೋವಷ್ಟ ಇರೂದಿಲ್ಲ. ಆದ್ರ ಎರಡ ಮೂರ ಸಾವಿರದಾಗ ತಗೊಳ್ಳೋರಿಗೆ ನನ್ನ ಮಾತು ವೈರಿಂದ ಇರಲಿ ಅಂತ, ಅದ ರೊಕ್ಕಕ್ಕ ಬ್ಯಾಟರಿ ಡಾಂಗಲ್ ಬದ್ಲಿ ಚಲೋ ಸ್ಪೀಕರ್ ಚಲೋ ಮೈಕ್ ಸಿಗತೈತಿ.

7.1 ಅಂದ್ರ ಏನು

ನಮಗಿರೋದ ಎರಡ ಕಿವಿ. ಬಲಕ್ಕ ಸಪ್ಪಳ ಆತಂದ್ರ ಬಲಗಿವಿಗೆ ಮೊದಲ ಮುಟ್ಟತೈತಿ, ಎಡಗಿವಿಗೆ ತಲಿ ಸುತ್ತಿ ಬರಬೇಕು, ಆ ಅಂತರ ಹೆಚ್ಚಂದ್ರ 0.7 ಮಿಲಿಸೆಕೆಂಡ್, ಅಷ್ಟ ಸಣ್ಣದನ್ನ ಮೆದುಳು ಹಿಡಿದು ದಿಕ್ಕ ಹೇಳತೈತಿ. ಮ್ಯಾಲ ಎಡಗಿವಿಗೆ ಸಪ್ಪಳ ಸ್ವಲ್ಪ ಸಣ್ಣಗೂ ಆಗಿರತೈತಿ. ಮುಂದಿಂದೋ ಹಿಂದಿಂದೋ ಅನ್ನೋದು ಹೊರಗಿವಿಯ ಮಡಿಕಿಗೋಳಿಂದ ಗೊತ್ತಾಗತೈತಿ, ಅವು ಬ್ಯಾರೆ ಬ್ಯಾರೆ ದಿಕ್ಕಿನ ಸಪ್ಪಳಾನ ಬ್ಯಾರೆ ಬ್ಯಾರೆ ನಮೂನಿ ತಿದ್ದಿ ಒಳಗ ಬಿಡತಾವ. ಈ ಲೆಕ್ಕಾನೆಲ್ಲಾ ಸಾಫ್ಟ್‌ವೇರಿನ್ಯಾಗ ಮಾಡೋದಕ್ಕ ಎಚ್‌ಆರ್‌ಟಿಎಫ್ ಅಂತಾರ, ಅದಕ್ಕ ಎರಡ ಸ್ಪೀಕರ್ ಇದ್ರ ಸಾಕು.

7.1 ಅಂದ್ರ ಸುತ್ತ ಏಳ ಸ್ಪೀಕರ್, ಮ್ಯಾಲ ಬಾಸಿಗೆ ಒಂದ ಅಂತ ಲೆಕ್ಕ. ಆದ್ರ ಡಬ್ಬಿ ಮ್ಯಾಲಿನ 7.1 ಅನ್ನೋದು ಬಹುತೇಕ ಇದ ಸಾಫ್ಟ್‌ವೇರ್, ಒಳಗ ಇರೋದು ಎರಡ ಸ್ಪೀಕರ್. ಇಂಥಾದು ನಿಮಗ ಪುಕಟ ಸಿಗತೈತಿ: ವಿಂಡೋಸ್ 10, 11 ಎರಡರಾಗೂ ವಿಂಡೋಸ್ ಸೋನಿಕ್ ಐತಿ, ಸೌಂಡ್ ಸೆಟ್ಟಿಂಗಿನ್ಯಾಗ ಹೆಡ್‌ಫೋನ್ ಒತ್ತಿ ಸ್ಪೇಷಿಯಲ್ ಸೌಂಡ್ ಅನ್ನೋದನ್ನ ನೋಡ್ರಿ. ವ್ಯಾಲೊರಂಟಿನ ಆಡಿಯೊ ಸೆಟ್ಟಿಂಗಿನ್ಯಾಗ ಎಚ್‌ಆರ್‌ಟಿಎಫ್ ಅಂತ ಆಯ್ಕೆ ಕೊಟ್ಟಾರ, ಕೌಂಟರ್ ಸ್ಟ್ರೈಕ್ 2ರಾಗ ಗೇಮಿನೊಳಗ ಅದು ಐತಿ. ಗೇಮ್ ಮಾಡಿದಾವಂಗ ಸಪ್ಪಳ ನಕಾಶ್ಯಾಗ ಎಲ್ಲಿ ಹುಟ್ಟಿತು ಅನ್ನೋದು ಖರೇ ಗೊತ್ತಿರತೈತಿ, ಹೆಡ್‌ಸೆಟ್ಟಿಗೆ ಗೊತ್ತಿರೂದಿಲ್ಲ. ಅದಕ್ಕ ಗೇಮಿನ್ಯಾಗಿಂದು ಚಾಲೂ ಇಡ್ರಿ, ಹೆಡ್‌ಸೆಟ್ಟಿನ 7.1, ವಿಂಡೋಸಿಂದು ಎರಡೂ ಬಂದ್ ಮಾಡಿ ಸ್ಟೀರಿಯೊ ಇಡ್ರಿ. ಎರಡ ಮೂರ ಒಂದರ ಮ್ಯಾಲ ಒಂದ ಹಾಕಿದ್ರ ಹೆಜ್ಜಿ ಸಪ್ಪಳ ಕಲಸಿ ಹೋಗಿ ಹಿಂದಿಂದೋ ಮುಂದಿಂದೋ ತಿಳಿಯಂಗೇ ಇಲ್ಲ. ನಮ್ಮ ತಮ್ಮ ದೋಸ್ತನ 7.1 ಹೆಡ್‌ಸೆಟ್ಟಿನ್ಯಾಗ ಆರ ತಿಂಗಳ ಹಿಂಗ ಆಡ್ಯಾನ, "ನನ್ನ ಕಿವೀನ ಸರಿ ಇಲ್ಲೇನೋ" ಅಂತ ಅಂಜಿದ್ದ ಪಾಪ.

50 ಎಂಎಂ ಡ್ರೈವರ್, ಅಂದ್ರ ಒಳಗಿನ ಸ್ಪೀಕರ್, ಅಂತ ದೊಡ್ಡ ಅಕ್ಷರದಾಗ ಬರೀತಾರ, ದೊಡ್ಡದಿದ್ರ ಚಲೋ ಅಂತ ಏನೂ ಇಲ್ಲ, 40 ಎಂಎಂದಾಗೂ ಭಾಳ ಚಲೋ ಅದಾವ. 20ರಿಂದ 20,000 ಹರ್ಟ್ಜ್ ಅನ್ನೋದು ಮನಷ್ಯಾನ ಕಿವಿ ಹದ್ದು, ಎಲ್ಲಾರೂ ಅದನ್ನ ಛಾಪಿಸ್ತಾರ, ಓದಿ ಬಿಟ್ಟಬಿಡ್ರಿ. ಓಮ್, ಅಂದ್ರ ಹೆಡ್‌ಫೋನ್ ಕರೆಂಟಿಗೆ ಒಡ್ಡೋ ತಡಿ, ಅದನ್ನ ಮಾತ್ರ ನೋಡ್ರಿ, 16, 32, 64 ಇದ್ರ ಕಂಪ್ಯೂಟರಿಗೆ ಸೀದಾ ನಡೀತೈತಿ, ಬೇಯರ್‌ಡೈನಾಮಿಕ್ ಡಿಟಿ 990 ಪ್ರೊದ 250 ಓಮಿನಂಥದ್ದು ತಂದ್ರ ಬ್ಯಾರೆ ಆ್ಯಂಪ್ಲಿಫೈಯರ್ ಬೇಕಾಗತೈತಿ, ಇಲ್ಲಂದ್ರ ಸಪ್ಪಳ ಏಳೂದಿಲ್ಲ. ಮತ್ತ ಧಡ್ ಧಡ್ ಅಂತ ಬಾಸ್ ಜಾಸ್ತಿ ಇದ್ದದ್ದನ್ನ ಬಿಡ್ರಿ, ದಪ್ಪ ಸಪ್ಪಳ ಸಣ್ಣ ಸಪ್ಪಳಾನ ಮುಚ್ಚತೈತಿ, ಬಾಂಬ್ ಮಸ್ತ್ ಕೇಳತೈತಿ ಆದ್ರ ಹಿಂದ ಬಂದಾವನ ಹೆಜ್ಜಿ ಕೇಳೂದಿಲ್ಲ.

ನಿಮ್ಮ ಮನಿ, ನಿಮ್ಮ ತಲಿ

ಹೆಡ್‌ಫೋನಿನ ಹೊರಗಿನ ಮೈ ಜಾಳಿಗಿ ಇದ್ರ ಅದು ಓಪನ್ ಬ್ಯಾಕ್, ಮುಚ್ಚಿದ್ರ ಕ್ಲೋಸ್ಡ್. ಓಪನ್ ಇದ್ರ ಸಪ್ಪಳ ಬೈಲಾಗ ಕೇಳಿದಂಗ ಬಿಚ್ಚಿ ಬರತೈತಿ, ದಿಕ್ಕ ಇನ್ನೂ ಚಲೋ ತಿಳೀತೈತಿ, ಕಿವಿ ಬೆವರೂದಿಲ್ಲ. ಆದ್ರ ನಿಮ್ಮ ಸಪ್ಪಳ ಹೊರಗ, ಹೊರಗಿನ ಸಪ್ಪಳ ಒಳಗ. ಧಾರವಾಡ ಸಪ್ತಾಪುರದಾಗ ರೂಮ್ ಮಾಡಿದ್ದೀರಿ, ಬಾಜೂಕ ಒಬ್ಬಾವ ಕೆಎಎಸ್‌ಗೆ ಓದಾಕತ್ತಾನ ಅಂದ್ರ ದಯಮಾಡಿ ಕ್ಲೋಸ್ಡ್ ತಗೊಳ್ರಿ. ಮನ್ಯಾಗ ಟಿವಿ, ಕುಕ್ಕರ್ ಸೀಟಿ, ಸಣ್ಣ ಮಕ್ಕಳು ಇದ್ರೂ ಹಂಗ. ಒಬ್ಬರ ಇರೋ ರೂಮ್ ಇದ್ದಾವ್ರು ಮಾತ್ರ ಓಪನ್ ವಿಚಾರ ಮಾಡ್ರಿ, ಒಮ್ಮೆ ರೂಢಿ ಆದ್ರ ಬಿಡಾಕ ಮನಸ ಬರೂದಿಲ್ಲ.

ಗಾದಿ, ಅಂದ್ರ ಕಿವಿ ಮ್ಯಾಲ ಕುಂಡ್ರೋ ಪ್ಯಾಡ್, ಇದನ್ನ ಯಾರೂ ಸರಿ ನೋಡೂದಿಲ್ಲ, ನನಗ ಇದ ಭಾಳ ಮುಖ್ಯ ಅನಸ್ತೈತಿ. ರೆಕ್ಸಿನ್‌ದು ಅಂಗಡ್ಯಾಗ ಮೆತ್ತಗ ಥಳಥಳ ಕಾಣತೈತಿ, ಹೊರಗಿನ ಗದ್ಲಾನೂ ಚಲೋ ತಡೀತೈತಿ, ಆದ್ರ ನಮ್ಮ ಕಡೆ ಏಪ್ರಿಲ್ ಬ್ಯಾಸಗ್ಯಾಗ ಅರ್ಧ ತಾಸಿಗೆ ಕಿವಿ ಬೆವತು ನೀರಾಗತೈತಿ, ವರ್ಷ ಎರಡ ವರ್ಷಕ್ಕ ಸುಲಕೊಂಡು ಕರೀ ಪುಡಿ ಕೆನ್ನಿಗೆ ಹತ್ತತೈತಿ, ಧಾರವಾಡದ ಮಳಿಗಾಲದಾಗ ಬೂಷ್ಟ ಹಿಡಿಯೂದು ಬ್ಯಾರೆ. ಅರಬಿ ಪ್ಯಾಡ್ ಇರೋದು ನೋಡ್ರಿ, ಇಲ್ಲಾ ಪ್ಯಾಡ್ ಬಿಚ್ಚಿ ಬ್ಯಾರೆ ಹಾಕಾಕ ಬರತೈತೇನು ಕೇಳ್ರಿ. ಕಿವಿ ಪೂರಾ ಪ್ಯಾಡಿನೊಳಗ ಕುಂಡ್ರಬೇಕು, ಪ್ಯಾಡ್ ಕಿವೀನ ಒತ್ತಬಾರದು. ತೂಕ 300 ಗ್ರಾಮ್ ದಾಟಿದ್ರ ನೆತ್ತಿಗೆ ಗೊತ್ತಾಗಾಕ ಹತ್ತತೈತಿ. ಹೋಲಸಾಕ ಹೇಳ್ತೀನಿ, ಲಾಜಿಟೆಕ್ ಜಿ435 ಬರೇ 165 ಗ್ರಾಮ್, ರೇಜರ್ ಬ್ಲಾಕ್‌ಶಾರ್ಕ್ ವಿ2 ಎಕ್ಸ್ 240 ಗ್ರಾಮ್. ಚಾಳಿಸ ಹಾಕ್ಕೊಳ್ಳೋರು ಚಾಳಿಸ ಹಾಕ್ಕೊಂಡ ಹೋಗಿ ನೋಡ್ರಿ, ಹತ್ತ ನಿಮಿಷ ತಗೀಬ್ಯಾಡ್ರಿ, ಅಂಗಡಿಯವ್ರು ಮಾರಿ ನೋಡಿದ್ರೂ ನೋಡ್ಲಿ.

ಮೈಕಿಂದು ಒಂದ ಪರೀಕ್ಷಾ ಐತಿ. ಕಂಪ್ಯೂಟರಿನ ರೆಕಾರ್ಡರ್‌ದಾಗ ಅರ್ಧ ನಿಮಿಷ ಮಾತಾಡಿ ತಿರುಗಿ ಕೇಳ್ರಿ, ಮಾತಾಡೂ ಮುಂದ ಬಾಜೂಕ ಯಾರರೆ ಟೇಬಲ್ ಬಡೀಲಿ. ಬಾಯಿ ಕಡೆಯಿಂದಷ್ಟ ಹಿಡಿಯೋ ಮೈಕ್, ಅಂದ್ರ ಯುನಿಡೈರೆಕ್ಷನಲ್ ಇಲ್ಲಾ ಕಾರ್ಡಿಯಾಯ್ಡ್ ಅಂತ ಬರದಿದ್ದು, ಆ ಗದ್ಲಾನ ಕಡಿಮಿ ಮಾಡತೈತಿ, ಓಮ್ನಿ ಅಂತ ಇದ್ದದ್ದು ಎಲ್ಲಾ ಕಡಿಂದೂ ಹಿಡೀತೈತಿ. ನಮ್ಮ ತಮ್ಮ ಮೊದಲ ಇಯರ್‌ಫೋನ್ ವೈರಿನ ಮೈಕಿನ್ಯಾಗ ಆಡತಿದ್ದಾಗ ಅಡಗಿಮನ್ಯಾಗ ಕಾಕು ರೊಟ್ಟಿ ಬಡಿಯೋ ಸಪ್ಪಳ ಟೀಮಿನವ್ರಿಗೆಲ್ಲಾ ಕೇಳತಿತ್ತಂತ. ಮೈಕ್ ಕಡ್ಡಿ ತುಟಿ ಎದುರಿಗೆ ಇಡಬ್ಯಾಡ್ರಿ, ಬಾಯಿ ಮೂಲಿಗೆ ಎರಡ ಬಟ್ಟ ದೂರ ಇಡ್ರಿ, ಉಸಿರ ಬಡಿಯೂದಿಲ್ಲ. ಆಡೂ ಮುಂದ ದೋಸ್ತರ ಜೋಡಿ ಮಾತಾಡೋ ಡಿಸ್ಕಾರ್ಡ್ ಆ್ಯಪಿನ್ಯಾಗ ಕ್ರಿಸ್ಪ್ ಅನ್ನೋ ಗದ್ಲ ತಗಿಯೋ ಸೌಲತ್ತ ಐತಿ, ಅದನ್ನೂ ಚಾಲೂ ಮಾಡ್ರಿ.

ಅಂಗಡ್ಯಾಗ ಕೇಳಿ ನೋಡೋದು

ಅಂಗಡಿಯವ್ರು ಬಾಸ್ ಇರೋ ಡಿಜೆ ಹಾಡ ಹಚ್ಚತಾರ, ಅದರಾಗ ಏನೂ ತಿಳಿಯಂಗಿಲ್ಲ. ನಾ ನನ್ನ ಫೋನಿನ್ಯಾಗ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ ಹಳೇ ರೆಕಾರ್ಡಿಂಗ್ ಒಂದ ಇಟ್ಟೀನಿ. ಅದು ಮೋನೊ, ಅಂದ್ರ ಎರಡೂ ಕಿವಿಗೆ ಒಂದ ಸಪ್ಪಳ, ಹಿಂಗಾಗಿ ಅವರ ದನಿ ಬರೋಬ್ಬರಿ ತಲಿ ನಡುವ ನಿಂದರಬೇಕು. ಎಡಕ್ಕೋ ಬಲಕ್ಕೋ ಸ್ವಲ್ಪ ವಾಲಿದ್ರ ಎರಡ ಸ್ಪೀಕರ್ ಸರಿಸಮ ಇಲ್ಲ, ಅಂಥಾದ್ರಾಗ ಗೇಮಿನ ದಿಕ್ಕೂ ವಾಲತೈತಿ. ದನಿ ಹಿಂದ ತಂಬೂರಿ ಬಿಡದಂಗ ಸಣ್ಣಗ ಕೇಳತೈತೇನು ನೋಡ್ರಿ, ತಾನ ಜೋರಾದಾಗೂ ತಂಬೂರಿ ಮುಚ್ಚಿ ಹೋಗಲಿಲ್ಲಂದ್ರ ಆ ಹೆಡ್‌ಫೋನಿನ್ಯಾಗ ಗುಂಡಿನ ಗದ್ಲದ ನಡುವೂ ಹೆಜ್ಜಿ ಸಿಗತೈತಿ. ನಮ್ಮ ತಮ್ಮಂಗ ಇದ ಪರೀಕ್ಷಾದಾಗ ನಾಕ ಹೆಡ್‌ಫೋನಿನ ಫರಕ ತಾನ ಹೇಳಾಕ ಬಂತು, ಅವ ಹಿಂದುಸ್ತಾನಿ ಸಂಗೀತ ಕೇಳಾವ ಅಲ್ಲ ಮತ್ತ. ಆಮ್ಯಾಲೆ ನಿಮ್ಮ ಗೇಮಿನ ವಿಡಿಯೊ ಹಚ್ಚಿ ಕಣ್ಣ ಮುಚ್ಚಿ ಕೇಳಿ, ಹೆಜ್ಜಿ ಬಂದ ಕಡೆ ಕೈ ತೋರಸ್ರಿ, ಬಾಜೂಕ ಇದ್ದಾವ್ರು ಸ್ಕ್ರೀನ್ ನೋಡಿ ಹೇಳ್ಲಿ.

ವೈರ್ ಹೆಡ್‌ಫೋನಿನ ಕಿವಿ ಭಾಗಕ್ಕ ಕೂಡೋ ಜಾಗಾನ ಮೊದಲ ಹರಿಯೋದು, ಅದಕ್ಕ ಬಿಚ್ಚಿ ಹಾಕೋ ವೈರ್ ಇದ್ರ ನೂರ ಇನ್ನೂರ ಹೆಚ್ಚ ಕೊಟ್ರೂ ಚಿಂತಿಲ್ಲ. ಬಿಲ್ ತಗೊಳ್ರಿ, ಸೀರಿಯಲ್ ನಂಬರ್ ಬಿಲ್ಲಿನ್ಯಾಗ ಬರಸ್ರಿ. ನಾ ಒಮ್ಮೆ ಒಂದ ಅಂಗಡ್ಯಾಗ ಬಿಲ್ ಇಲ್ಲದ ಸೋವಿ ಕೊಟ್ರು ಅಂತ ತಗೊಂಡು, ನಾಕ ತಿಂಗಳಿಗೆ ಎಡಗಡಿ ಬಂದ್ ಆಗಿ, ವಾರಂಟಿ ಕೇಳಿದ್ರ ಅವ್ರು ಗುರುತ ಹಿಡೀಲಿಲ್ಲ.

ತಂದಮ್ಯಾಲ ಸಪ್ಪಳದ ಮಟ್ಟ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವ್ರಿಗೆ ವಾರಕ್ಕ 40 ತಾಸು 80 ಡೆಸಿಬೆಲ್ ಅಂತ ಹದ್ದು ಇಟ್ಟೈತಿ, ಮಕ್ಕಳಿಗೆ 75. ಪ್ರತಿ 3 ಡೆಸಿಬೆಲ್ ಏರಿಸಿದ್ರ ಆ ತಾಸು ಅರ್ಧ ಆಗತಾವ, 83ಕ್ಕ 20 ತಾಸು, 86ಕ್ಕ ಹತ್ತ ತಾಸು. ಹೆಜ್ಜಿ ಕೇಳಬೇಕಂತ ಪೂರಾ ಏರಿಸಿ ಕುಂತಾಗ ಬಾಂಬ್ ಬಿದ್ರ ಕಿವಿ ಮ್ಯಾಲ ಬೀಳತೈತಿ. ಬಹಳಷ್ಟು ಕಂಪ್ಯೂಟರಿನ ಸೌಂಡ್ ಸೆಟ್ಟಿಂಗಿನ್ಯಾಗ ಲೌಡ್‌ನೆಸ್ ಈಕ್ವಲೈಸೇಶನ್ ಅಂತ ಇರತೈತಿ, ಅದು ದೊಡ್ಡ ಸಪ್ಪಳಾನ ತಗ್ಗಿಸಿ ಸಣ್ಣದನ್ನ ಎತ್ತತೈತಿ, ದೂರ ಹತ್ರ ಅನ್ನೋ ಅಂದಾಜು ಸ್ವಲ್ಪ ತಪ್ಪತೈತಿ, ಹಾಕಿ ನೋಡಿ ನಿಮಗ ಹೊಂದಿದ್ರ ಇಟಗೊಳ್ರಿ. ಆಟ ಮುಗದಮ್ಯಾಲ ಕಿವ್ಯಾಗ ಗುಂಯ್ ಅಂತಂದ್ರ ಮರುದಿನ ಕಡಿಮಿ ಮಾಡಲೇಬೇಕು.

ತಮ್ಮ ಕಡೀಕ ತಗೊಂಡಿದ್ದು ಲೈಟ್ ಇಲ್ಲದ್ದು, ವೈರಿಂದು, ಅರಬಿ ಪ್ಯಾಡ್, ಮುಚ್ಚಿದ ಮೈ, ಮೈಕ್ ಕಡ್ಡಿ ತಿರುವಾಕ ಬರತೈತಿ. ಉಳಿದ ರೊಕ್ಕದಾಗ ಸ್ಪ್ಲಿಟರ್ ಬಂತು, ಗದಗಿನ ಬಸ್ಸಿಗೂ ಉಳೀತು. ರಾತ್ರಿ ಒಂಬತ್ತಕ್ಕ ಡಿಸ್ಕಾರ್ಡಿಗೆ ಬಂದು "ಅಣ್ಣಾ, ಈಗ ಅವ್ವ ರೊಟ್ಟಿ ಬಡಿಯಾಕತ್ತಾಳ, ಕೇಳತೈತೇನು?" ಅಂದ. ನನಗ ಅವನ ದನಿ ಬಿಟ್ರ ಏನೂ ಕೇಳಲಿಲ್ಲ.