‘ಗಟಾರ ಬೇಕು’ ಅಂದರೆ ಸಾಲದು: ವಾರ್ಡ್ ಸಭೆಯ ಬೇಡಿಕೆ ಕ್ರಿಯಾಯೋಜನೆಗೆ ಸೇರಬೇಕಾದರೆ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆಯ ಯಾವ ಹಳ್ಳಿಯ ವಾರ್ಡ್ ಸಭೆಗೆ ಹೋದರೂ ಕಿವಿಗೆ ಬೀಳುವ ಮಾತು ಹೆಚ್ಚುಕಡಿಮೆ ಒಂದೇ: ‘ನಮ್ಮ ಓಣಿಗೆ ಸಿಸಿ ರಸ್ತಾ ಆಗ್ಬೇಕ್ರಿ, ಗಟಾರ ಆಗ್ಬೇಕ್ರಿ.’ ಬರೆದುಕೊಳ್ಳುವವರು ಬರೆದುಕೊಳ್ಳುತ್ತಾರೆ, ಮಂದಿ ಚಹಾ ಕುಡಿದು ಮನೆಗೆ ಹೋಗುತ್ತಾರೆ. ಮುಂದೆ ಪಂಚಾಯತಿಯ ಕ್ರಿಯಾಯೋಜನೆ, ಅಂದರೆ ಆ ವರ್ಷ ಮಾಡುವ ಕಾಮಗಾರಿಗಳ ಪಟ್ಟಿ, ತೆಗೆದು ನೋಡಿದರೆ ಆ ಓಣಿಯ ಹೆಸರೇ ಇರುವುದಿಲ್ಲ. ಎಲ್ಲಾ ಸಲ ಇದಕ್ಕೆ ರಾಜಕೀಯವೇ ಕಾರಣ ಅನ್ನಲಾಗದು. ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್, ಯಾರ ಜಾಗ, ಯಾವ ಅನುದಾನ ಎಂಬ ನಾಲ್ಕಕ್ಕೆ ಉತ್ತರ ಇಲ್ಲದ ಬೇಡಿಕೆಯನ್ನು ಎಂಜಿನಿಯರ್ ಅಂದಾಜುಪಟ್ಟಿ ಮಾಡಲಾರರು, ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಆನ್‌ಲೈನ್‌ನಲ್ಲಿ ತುಂಬಲಾರರು. ಈ ನಾಲ್ಕನ್ನೂ ಸಭೆಗಿಂತ ಮೊದಲೇ ಓಣಿಯವರ ಕೈಯಿಂದ ಸಿದ್ಧಮಾಡಿಸುವುದೇ ನಾವು ಹಿಡಿದ ದಾರಿ.

ಮೊದಲು ದಿನದ ಮಾತು. ಮುಂದಿನ ವರ್ಷದ ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆಯ ಅಭಿಯಾನ ಶುರುವಾಗುವುದು ಅಕ್ಟೋಬರ್ 2ರ ಸುಮಾರಿಗೆ. ನಮ್ಮ ತಾಂಡಾಗಳಲ್ಲಿ ಕಬ್ಬಿನ ಕಟಾವಿನ ಗ್ಯಾಂಗುಗಳು ಗಂಟುಮೂಟೆ ಕಟ್ಟುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ದೀಪಾವಳಿ ದಾಟಿದ ಮೇಲೆ ತಾಂಡಾದಲ್ಲಿ ಸಭೆ ಇಟ್ಟರೆ ಮುದುಕರು, ಮಕ್ಕಳು ಬಿಟ್ಟರೆ ಯಾರೂ ಸಿಗುವುದಿಲ್ಲ. ಕೋರಂ ಹೇಗೋ ತುಂಬಬಹುದು, ಬೇಡಿಕೆ ತುಂಬುವುದಿಲ್ಲ. ಆದ್ದರಿಂದ ತಾಂಡಾದ ಪೂರ್ವಭಾವಿ ಸಭೆಯನ್ನು ದಸರೆಗಿಂತ ಮುಂಚೆ ಮುಗಿಸಿಕೊಳ್ಳಬೇಕು. ಸಂತೆಯ ದಿನ ಬೇಡ, ಜೋಳ ಬಿತ್ತುವ ಹದ ಬಂದ ವಾರವೂ ಬೇಡ. ಹೊತ್ತು ಮುಳುಗಿದ ಮೇಲೆ ಗುಡಿಯ ಕಟ್ಟೆಯ ಮೇಲೆ ಸೇರಿದರೆ ಗಂಡಸರೇನೋ ಬರುತ್ತಾರೆ, ಹೆಣ್ಣುಮಕ್ಕಳಿಗೆ ಅದು ರೊಟ್ಟಿ ಬಡಿಯುವ ಹೊತ್ತು. ಅವರ ಸಭೆಯನ್ನು ಮಧ್ಯಾಹ್ನ ಅಂಗನವಾಡಿಯಲ್ಲಿ ಬೇರೆಯೇ ಮಾಡುವುದು ಮೇಲು. ಕೇರಿಯಲ್ಲಿಯೂ ಹಾಗೆಯೇ, ಊರಗುಡಿಯ ಮುಂದೆ ಸಭೆ ಕರೆದು ‘ಕೇರಿಯವರು ಬರಲಿಲ್ಲ’ ಎಂದು ಬರೆಯುವುದರಲ್ಲಿ ಅರ್ಥವಿಲ್ಲ.

ಇನ್ನು ಓಣಿ ಸುತ್ತುವ ಕೆಲಸ. ಇದನ್ನು ಬಿಟ್ಟರೆ ಉಳಿದದ್ದೆಲ್ಲ ಬರೀ ಕಾಗದ. ಬೇಕಾದ ಸಾಮಾನು ಕಡಿಮೆ: 30 ಮೀಟರಿನ ಟೇಪು, ಗೌಂಡಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪು, ಸುಣ್ಣದ ಪುಡಿ, ಒಂದು ರಟ್ಟು, ಪೆನ್ನು. ಗಟಾರದ ಬೇಡಿಕೆ ಇರುವ ಓಣಿಯಲ್ಲಿ ಮೊದಲು ಕೇಳಬೇಕಾದ್ದು ‘ನೀರ ಎಲ್ಲಿ ನಿಂದರ್ತದವ್ವಾ?’ ಎಂದು. ಅದಕ್ಕೆ ಉತ್ತರ ಗೊತ್ತಿರುವುದು ದಿನಾ ಮುಸುರೆ ನೀರು ಚೆಲ್ಲುವವರಿಗೆ. ಅವರು ತೋರಿಸಿದಲ್ಲೆಲ್ಲ ಸುಣ್ಣದ ಗುರುತು ಹಾಕುತ್ತ ಹೋಗಬೇಕು.

ಆಮೇಲೆ ಲೆಕ್ಕ. ಜಲ ಜೀವನ್ ಮಿಷನ್‌ನ ಗುರಿ ತಲೆಗೆ ದಿನಕ್ಕೆ 55 ಲೀಟರ್. 40 ಮನೆಯ ಓಣಿ, ಮನೆಗೆ ಐದು ಮಂದಿ ಅಂದರೆ ದಿನಕ್ಕೆ 11,000 ಲೀಟರ್ ಒಳಗೆ ಬರುತ್ತದೆ. ಅದರಲ್ಲಿ ಶೇ 80ರಷ್ಟು ಪಾಲು ಹೊರಗೆ ಹರಿಯುತ್ತದೆ ಎಂದು ಹಿಡಿದರೂ 8,800 ಲೀಟರ್. ನಳ ಬಂದ ಮೇಲೆ ಓಣಿಗಳು ರಾಡಿಯಾದದ್ದು ಹೀಗೆ. ಇಷ್ಟು ನೀರಿಗೆ ಕೊನೆಗೊಂದು ಜಾಗ ಬೇಕು. ಅದನ್ನು ತೋರಿಸದೆ ಗಟಾರ ಕಟ್ಟಿಸಿದರೆ ಮೇಲಿನ ಓಣಿಯ ಹೊಲಸನ್ನು ಕೆಳಗಿನ ಓಣಿಯ ಬಾಗಿಲಿಗೆ ತಂದು ಬಿಟ್ಟಂತೆ, ಜಗಳ ಅಲ್ಲಿಂದಲೇ ಶುರು.

ಇಳಿಜಾರು ಅಳೆಯುವುದನ್ನು ಓಣಿಯ ಹುಡುಗರೂ ಕಲಿಯಬಹುದು. 20 ಮೀಟರಿನ ಪೈಪಿಗೆ ನೀರು ತುಂಬಿ, ಎರಡೂ ತುದಿ ಜೋಡಿಸಿ ಹಿಡಿದು ಮಟ್ಟ ಒಂದೇ ಇದೆಯೇ ನೋಡಿಕೊಳ್ಳಬೇಕು. ಪೈಪಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಅಳತೆ ಕೆಟ್ಟಿತು. ಒಬ್ಬರು ಮೇಲ್ತುದಿ, ಇನ್ನೊಬ್ಬರು ಕೆಳತುದಿ ಹಿಡಿದು, ಪೈಪಿನ ಬಾಯಿಗೆ ಒತ್ತಿದ ಹೆಬ್ಬೆಟ್ಟು ತೆಗೆದು, ನೀರು ಅಲುಗುವುದು ನಿಂತ ಮೇಲೆ ನೆಲದಿಂದ ನೀರಿನ ಮಟ್ಟಕ್ಕೆ ಎಷ್ಟು ಸೆಂಟಿಮೀಟರ್ ಎಂದು ಎರಡೂ ಕಡೆ ಅಳೆದರೆ, ನಡುವಿನ ವ್ಯತ್ಯಾಸವೇ ಇಳಿಜಾರು. ಹೀಗೆ ತುಂಡು ತುಂಡಾಗಿ ಅಳೆದು ಕೂಡಿಸಬೇಕು. 200ಕ್ಕೆ 1ರ ಇಳಿಜಾರು ಹಿಡಿದರೆ 120 ಮೀಟರ್ ಗಟಾರಕ್ಕೆ 60 ಸೆಂಟಿಮೀಟರ್ ಇಳಿತ ಬೇಕು. ಅಷ್ಟು ಸಿಗದಿದ್ದರೆ ಹರಿಯುವ ದಿಕ್ಕನ್ನೇ ಬದಲಿಸಬೇಕೇ ಎಂದು ಅಲ್ಲೇ ನಿಂತು ಮಾತಾಡಬೇಕು. ಎಂಜಿನಿಯರ್ ಬಂದು ಮತ್ತೆ ಅಳೆಯುತ್ತಾರೆ, ನಿಜ. ಆದರೆ ಕೈಯಲ್ಲಿ ಅಳತೆ ಇರುವ ಓಣಿಯ ಜೊತೆ ಅವರು ಮಾತಾಡುವ ರೀತಿಯೇ ಬೇರೆ.

ಎರೆಭೂಮಿಯ ಊರುಗಳಿಗೆ ಇನ್ನೆರಡು ಮಾತು. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅದರ ಮೇಲೆ ನೇರವಾಗಿ ಹಾಕಿದ ಕಾಂಕ್ರೀಟು ಸೀಳುತ್ತದೆ. ಎರೆ ತೆಗೆದು ಗರಸು ತುಂಬಿ ಬಿಗಿಮಾಡುವ ಖರ್ಚು ಅಂದಾಜುಪಟ್ಟಿಯಲ್ಲಿಯೇ ಬರಬೇಕು. ಇಲ್ಲದಿದ್ದರೆ ಗುತ್ತಿಗೆದಾರರನ್ನು ಬೈದು ಪ್ರಯೋಜನವಿಲ್ಲ. ಎರಡನೆಯದು ಇಂಗುಗುಂಡಿ. ಮಸಾರಿ (ಕೆಂಪು ಮಣ್ಣಿನ) ನೆಲದಲ್ಲಿ ಚೆನ್ನಾಗಿ ಕೆಲಸ ಮಾಡುವ ಗುಂಡಿ ಎರೆನೆಲದಲ್ಲಿ ಬೇಗ ತುಂಬಿ ನಿಲ್ಲುತ್ತದೆ, ಅಂಥಲ್ಲಿ ಕೈತೋಟಕ್ಕೋ ಊರಾಚೆಯ ಹೊಂಡಕ್ಕೋ ಹರಿಸುವುದೇ ದಾರಿ. ಆ ಹೊಂಡದ ಜಾಗ ಸರ್ಕಾರಿಯೋ ಖಾಸಗಿಯೋ ಎಂದು ಪಹಣಿ ತೆಗೆಸಿ ನೋಡಿಟ್ಟುಕೊಳ್ಳಿ. ಎಲ್ಲಾ ಮುಗಿದ ಮೇಲೆ ಒಬ್ಬ ಹೊಲದ ಮಾಲೀಕರು ‘ನನ್ನ ಹೊಲದಾಗ ಬಿಡಂಗಿಲ್ಲ’ ಅಂದರೆ ಕಾಮಗಾರಿ ಅಲ್ಲಿಗೇ ನಿಂತಿತು. ಒಪ್ಪಿಗೆ ಬಾಯಿಮಾತಿನಲ್ಲಿ ಇದ್ದರೆ ಇಲ್ಲದಂತೆ, ಬರಹದಲ್ಲಿ ಬೇಕು.

ಹೀಗೆ ಸಿದ್ಧವಾದ ಕಾಮಗಾರಿಗಳು ಒಂದೊಂದು ವಾರ್ಡಿನಲ್ಲಿ ಹತ್ತಾರು ಆಗುತ್ತವೆ, ದುಡ್ಡು ಎರಡೋ ಮೂರಕ್ಕೆ ಮಾತ್ರ. ಯಾವುದು ಮೊದಲು ಎಂದು ಕೈ ಎತ್ತಿಸಿದರೆ ಮಂದಿ ಮೊದಲು ಗೌಡರ ಮುಖ ನೋಡುತ್ತಾರೆ, ಆಮೇಲೆ ಕೈ ಎತ್ತುತ್ತಾರೆ. ಅದಕ್ಕೆ ಮುಚ್ಚಳಕ್ಕೆ ಸೀಳು ಕೊಯ್ದ ಡಬ್ಬಿಗಳು. ಪ್ರತಿ ಡಬ್ಬಿಗೂ ಕಾಮಗಾರಿಯ ಚಿತ್ರ ಅಂಟಿಸಿ ಅಂಗನವಾಡಿಯ ಒಳಕೋಣೆಯಲ್ಲಿ ಇಡುವುದು, ಒಬ್ಬೊಬ್ಬರನ್ನೇ ಒಳಗೆ ಬಿಡುವುದು. ಹೆಂಗಸರಿಗೆ ಮೂರು ಹುಣಸೆಬೀಜ, ಗಂಡಸರಿಗೆ ಮೂರು ಗೋವಿನಜೋಳದ ಕಾಳು. ಮೂರನ್ನೂ ಒಂದೇ ಡಬ್ಬಿಗೆ ಹಾಕಬಹುದು. ಎಣಿಕೆ ಎಲ್ಲರ ಮುಂದೆ. ಬೀಜ ಬೇರೆ ಬೇರೆ ಇರುವುದರಿಂದ ಯಾರಿಗೆ ಯಾವುದು ಬೇಕು ಅನ್ನುವುದು ಕಣ್ಣಿಗೇ ಕಾಣುತ್ತದೆ. ರಸ್ತೆಯ ಡಬ್ಬಿಯಲ್ಲಿ ಗೋವಿನಜೋಳವೇ ತುಂಬಿದ್ದರೆ, ನೀರಿನ ಡಬ್ಬಿಯಲ್ಲಿ ಬರೀ ಹುಣಸೆಬೀಜ ಇದ್ದರೆ, ಆ ಸಭೆಯಲ್ಲಿ ಮುಂದಿನ ಮಾತು ತಾನಾಗಿಯೇ ಎದ್ದು ಬರುತ್ತದೆ.

ಅನುದಾನದ ಲೆಕ್ಕ ಗೊತ್ತಿದ್ದರೆ ‘ದುಡ್ಡಿಲ್ಲ’ ಎಂಬ ಉತ್ತರಕ್ಕೆ ಸುಮ್ಮನಾಗಬೇಕಿಲ್ಲ. 2021ರಿಂದ 2026ರ ಅವಧಿಗೆ 15ನೇ ಹಣಕಾಸು ಆಯೋಗ ಹಾಕಿಕೊಟ್ಟ ಹಂಚಿಕೆಯಲ್ಲಿ ಶೇ 60ರಷ್ಟು ನಿರ್ಬಂಧಿತವಾಗಿತ್ತು: 30 ಕುಡಿಯುವ ನೀರಿಗೆ, 30 ನೈರ್ಮಲ್ಯಕ್ಕೆ. ಉಳಿದ 40 ಅನಿರ್ಬಂಧಿತ, ಅದರಲ್ಲೂ ಸಂಬಳ ಕೊಡುವಂತಿರಲಿಲ್ಲ. ಎಂದರೆ ಸಿಸಿ ರಸ್ತೆಗಳೆಲ್ಲ ಆ 40ರಲ್ಲೇ ನೂಕಾಡುತ್ತಿದ್ದವು. ಮುಸುರೆ ನೀರಿನ ಕೆಲಸವನ್ನು ನೈರ್ಮಲ್ಯದ ಕಡೆ ಸರಿಯಾಗಿ ಹೆಸರಿಸಿ ಇಟ್ಟರೆ ದಾರಿ ಸಲೀಸು. ಟ್ರಾನ್ಸ್‌ಫಾರ್ಮರ್, ಬಸ್ಸು, ಶಾಲೆಗೆ ಮಾಸ್ತರ್ ಇಂಥವು ಪಂಚಾಯತಿಯ ಕೈಯಲ್ಲಿಲ್ಲ. ಅವನ್ನು ಇದೇ ಪಟ್ಟಿಗೆ ತುರುಕದೆ ವಿದ್ಯುತ್ ಕಂಪನಿ ಹೆಸ್ಕಾಂಗೋ ಸಂಬಂಧಪಟ್ಟ ಇಲಾಖೆಗೋ ಬೇರೆ ಠರಾವು (ಸಭೆಯ ನಿರ್ಣಯ) ಬರೆಸಬೇಕು.

ಠರಾವಿನ ಪುಸ್ತಕದಲ್ಲಿಯೇ ಹೆಚ್ಚಿನವರು ಸೋಲುವುದು. ಖಾಲಿ ಹಾಳೆಯ ಮೇಲೆ ಮೊದಲು ಸಹಿ, ಆಮೇಲೆ ಬರವಣಿಗೆ ಎಂಬ ರೂಢಿ ಹಲವು ಕಡೆ ಇದೆ. ‘ಬರದ್ ಓದ್ರಿ ಸಾಹೇಬ್ರ, ಆಮ್ಯಾಲ ಸಹಿ ಮಾಡ್ತೀವಿ’ ಎಂದು ಹೇಳಲು ಇಬ್ಬರು ಮೂವರು ಹೆಣ್ಣುಮಕ್ಕಳು ಮೊದಲೇ ತಯಾರಾಗಿ ಕೂತಿದ್ದರೆ ಸಾಕು. ಬರೆಯುವ ಸಾಲು ಹೀಗಿರಲಿ: ‘ಹಣಮಂತ ದೇವರ ಗುಡಿಯಿಂದ ಕುಂಬಾರ ಓಣಿಯ ಹಳೇ ಬಾವಿವರೆಗೆ 120 ಮೀಟರ್ ಗಟಾರ, ಕೊನೆ ಸರ್ಕಾರಿ ಹೊಂಡಕ್ಕೆ, ಆದ್ಯತೆ 1.’ ‘ಗ್ರಾಮದಲ್ಲಿ ಅಗತ್ಯವಿರುವೆಡೆ ಗಟಾರ ನಿರ್ಮಾಣ’ ಎಂದು ಬರೆದರೆ ಅದು ಯಾರ ಮನೆ ಮುಂದೆ ಬೇಕಾದರೂ ಆಗಬಹುದು. ಕೈಬಿಟ್ಟ ಬೇಡಿಕೆಗೂ ಕಾರಣ ಬರೆಸಿ, ಪ್ರತಿಯ ಫೋಟೊ ತೆಗೆದುಕೊಂಡೇ ಏಳಬೇಕು.

ಕ್ರಿಯಾಯೋಜನೆಗೆ ಒಪ್ಪಿಗೆ ಸಿಕ್ಕ ಮೇಲೆ ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಪಂಚಾಯತಿ ಆರಿಸಿ ಪಟ್ಟಿ ನೋಡಬಹುದು. ಠರಾವಿನ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ತಾಳೆ ನೋಡಬೇಕು. ಕಾಮಗಾರಿಯ ಹೆಸರು ಹಾಗೇ ಇದ್ದು ‘ಬಾವಿವರೆಗೆ’ ಎಂಬುದು ಬಿಟ್ಟುಹೋಗಿದ್ದರೆ ಉದ್ದ ಮೊಟಕಾಗಿದೆಯೇ ಎಂದು ಎಂಜಿನಿಯರ್ ಹತ್ತಿರ ಅಂದಾಜುಪಟ್ಟಿ ಕೇಳಿ. ವ್ಯತ್ಯಾಸ ಸಿಕ್ಕರೆ ಪಂಚಾಯತಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ, ಮುಂದಿನ ವಾರ್ಡ್ ಸಭೆಯ ಮೊದಲ ವಿಷಯವಾಗಿ ಅದನ್ನೇ ಇಡಿಸಿ.